ತೊಳೆದ ಮೇಲಿನ ಮಾತು: ಹಾವಿನ ಪೆಟ್ಟಿಗೆ ಮತ್ತು ಸೋಂಕುನಿವಾರಕಗಳು

ಸಾಕು ಹಾವಿನ ಪೆಟ್ಟಿಗೆಯನ್ನು ಶುಚಿ ಮಾಡುವುದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಕೊಳೆ ತೆಗೆಯುವುದು. ಇನ್ನೊಂದು, ಕೊಳೆ ಹೋದ ಮೇಲೂ ಕಣ್ಣಿಗೆ ಕಾಣದೆ ಉಳಿದಿರುವ ಬ್ಯಾಕ್ಟೀರಿಯಾ, ಶಿಲೀಂಧ್ರ, ವೈರಸ್‌ಗಳನ್ನು ಕೊಲ್ಲುವುದು. ಸೋಂಕುನಿವಾರಕ ಬೇಕಾಗುವುದು ಎರಡನೆಯ ಕೆಲಸಕ್ಕೆ ಮಾತ್ರ. ಆದರೆ ಹಾವು ಸಾಕುವವರಲ್ಲಿ ಹೆಚ್ಚಿನವರು ಬಾಟಲಿಯ ಹೆಸರು ಹಿಡಿದು ಚರ್ಚಿಸುತ್ತಾರೆಯೇ ಹೊರತು ತೊಳೆಯುವ ಕೆಲಸದ ಬಗ್ಗೆ ಮಾತಾಡುವುದು ಕಡಿಮೆ. ಯಾವುದೇ ಸೋಂಕುನಿವಾರಕವನ್ನು ತೂಗಿ ನೋಡಲು ನಾಲ್ಕು ಪ್ರಶ್ನೆ ಸಾಕು: ಅದು ಏನನ್ನು ಕೊಲ್ಲುತ್ತದೆ, ಕೊಲ್ಲಲು ಎಷ್ಟು ಹೊತ್ತು ಬೇಕು, ಅದರ ಶಕ್ತಿ ಯಾವುದರಿಂದ ಕೆಡುತ್ತದೆ, ಕೆಲಸ ಮುಗಿದ ಮೇಲೆ ಪೆಟ್ಟಿಗೆಯಲ್ಲಿ ಏನು ಉಳಿಯುತ್ತದೆ.

ನಾಲ್ಕನೆಯ ಪ್ರಶ್ನೆಗೆ ಇಷ್ಟು ತೂಕ ಬರುವುದು ಹಾವಿನ ದೇಹರಚನೆಯಿಂದ. ಹಾವು ನೆಲಕ್ಕೆ ಹೊಟ್ಟೆಯೂರಿ ಬದುಕುವ ಪ್ರಾಣಿ. ತಳದಲ್ಲಿ ಉಳಿದದ್ದೆಲ್ಲ ಅದರ ಮೈಗೆ ತಾಗುತ್ತದೆ. ನಾಲಿಗೆ ಚಾಚಿ ಗಾಳಿಯ ಮತ್ತು ನೆಲದ ಕಣಗಳನ್ನು ಎತ್ತಿಕೊಂಡು ಅಂಗುಳಿನಲ್ಲಿರುವ ಜೇಕಬ್ಸನ್ ಅಂಗಕ್ಕೆ ಒಯ್ಯುವುದು ಅದರ ವಾಸನೆ ಹಿಡಿಯುವ ಬಗೆ. ಹೆಚ್ಚಿನ ಹಾವುಗಳಲ್ಲಿ ಬಲ ಶ್ವಾಸಕೋಶ ಮಾತ್ರ ಪೂರ್ತಿ ಬೆಳೆದಿರುತ್ತದೆ. ವಪೆ ಇಲ್ಲದ ಕಾರಣ ಒಳಹೊಕ್ಕಿದ್ದನ್ನು ಕೆಮ್ಮಿ ಹೊರಹಾಕುವುದೂ ಕಷ್ಟ. ಇದರ ಮೇಲೆ ಪೆಟ್ಟಿಗೆ ಮುಚ್ಚಿರುತ್ತದೆ, ಒಂದು ಬದಿ 30 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಸಿಯಾಗಿರುತ್ತದೆ. ಆ ಬಿಸಿಗೆ ಅಳಿದುಳಿದ ರಾಸಾಯನಿಕ ಆವಿಯಾಗಿ ಒಳಗೇ ಸುಳಿದಾಡುತ್ತದೆ. ಮನುಷ್ಯರ ಕೋಣೆಯಲ್ಲಿ ಒಂದು ಗಂಟೆಯಲ್ಲಿ ಮಾಯವಾಗುವ ಘಾಟು ಇಲ್ಲಿ ಹಾಗೆ ಹೋಗುವುದಿಲ್ಲ.

ಮೂರನೆಯ ಪ್ರಶ್ನೆ ಕೊಳೆಗೆ ಸಂಬಂಧಿಸಿದ್ದು. ಹಾವಿನ ವಿಸರ್ಜನೆಯಲ್ಲಿ ಕಂದು ಬಣ್ಣದ ಮಲದ ಜೊತೆಗೆ ಬಿಳಿಯ ಗಟ್ಟಿ ಭಾಗವೊಂದಿರುತ್ತದೆ; ಅದು ಯುರೇಟ್, ಯೂರಿಕ್ ಆಮ್ಲದ ಲವಣ. ಹಸಿಯಾಗಿದ್ದಾಗ ಒದ್ದೆ ಸೀಮೆಸುಣ್ಣದಂತಿದ್ದು, ಎರಡು ದಿನ ಬಿಟ್ಟರೆ ಪ್ಲಾಸ್ಟಿಕ್ ತಳಕ್ಕೆ ಗಾರೆಯ ಹಾಗೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಯಾವ ದ್ರಾವಣ ಸಿಂಪಡಿಸಿದರೂ ನೆನೆಯುವುದು ಮೇಲ್ಪದರ ಮಾತ್ರ. ಅಡಿಯಲ್ಲಿರುವ ಬ್ಯಾಕ್ಟೀರಿಯಾಕ್ಕೆ ಏನೂ ಆಗುವುದಿಲ್ಲ. ನೀರಿನ ಬಟ್ಟಲಿನ ಕತೆಯೂ ಅಷ್ಟೇ. ನೋಡಲು ತಿಳಿಯಾಗಿರುವ ಬಟ್ಟಲಿನ ಒಳಗೋಡೆಯನ್ನು ಬೆರಳಿನಿಂದ ಸವರಿದರೆ ಜಾರುವ ಲೋಳೆ ಸಿಗುತ್ತದೆ. ಅದು ಬ್ಯಾಕ್ಟೀರಿಯಾ ತಾವೇ ಕಟ್ಟಿಕೊಂಡ ಕೋಟೆ, ಬಯೋಫಿಲ್ಮ್. ಉಜ್ಜದೆ ಬರೀ ಸೋಂಕುನಿವಾರಕ ಸುರಿದರೆ ಕೋಟೆಯ ಹೊರಗಿನವು ಸಾಯುತ್ತವೆ, ಒಳಗಿನವು ಉಳಿದು ಮತ್ತೆ ಹಬ್ಬುತ್ತವೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಗಡಸು ಬ್ರಷ್ ಮಾಡುವ ಕೆಲಸವನ್ನು ಯಾವ ದುಬಾರಿ ಬಾಟಲಿಯೂ ಮಾಡಲಾರದು.

ಈ ಹಿನ್ನೆಲೆಯಲ್ಲಿ ಮೊದಲು ನೋಡಬೇಕಾದದ್ದು ಬ್ಲೀಚ್, ಅಂದರೆ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣ. ಬೆಲೆ ಕಡಿಮೆ, ಸಿಗುವುದು ಸುಲಭ, ಕೊಲ್ಲುವ ಜೀವಿಗಳ ಪಟ್ಟಿ ದೊಡ್ಡದು: ಬ್ಯಾಕ್ಟೀರಿಯಾ, ವೈರಸ್, ಬಹುಪಾಲು ಶಿಲೀಂಧ್ರ. ಸರಿಯಾಗಿ ತೊಳೆದು ಒಣಗಿಸಿದರೆ ಉಪ್ಪಿನಂಶದ ಹೊರತು ಏನೂ ಉಳಿಯುವುದಿಲ್ಲ. ಇದರ ದೌರ್ಬಲ್ಯವೂ ಅಷ್ಟೇ ಸ್ಪಷ್ಟ. ಮಲ, ಮಣ್ಣು, ತೊಗಟೆಯ ಪುಡಿ ತಾಗಿದೊಡನೆ ಕ್ಲೋರಿನ್ ಅವುಗಳ ಮೇಲೇ ಖರ್ಚಾಗಿ ಹೋಗುತ್ತದೆ. ಬಿಸಿಲು, ಸೆಕೆಗೆ ಬಾಟಲಿಯಲ್ಲೇ ಶಕ್ತಿ ಕುಂದುತ್ತದೆ; ನೀರು ಬೆರೆಸಿದ ದ್ರಾವಣವನ್ನು ಅಂದಂದೇ ಬಳಸಿ ಚೆಲ್ಲಬೇಕು. ಪ್ರಮಾಣದ ವಿಷಯದಲ್ಲೂ ಗೊಂದಲವಿದೆ. ‘ಹತ್ತು ಪರ್ಸೆಂಟ್ ಬ್ಲೀಚ್’ ಎಂದರೆ ಒಂದು ಪಾಲು ಮನೆಬಳಕೆಯ ಬ್ಲೀಚಿಗೆ ಒಂಬತ್ತು ಪಾಲು ನೀರು ಎಂದರ್ಥ. ಬಾಟಲಿಯಲ್ಲಿ 5% ಹೈಪೊಕ್ಲೋರೈಟ್ ಇದ್ದರೆ, 100 ಮಿಲಿಗೆ 900 ಮಿಲಿ ನೀರು ಸೇರಿಸಿದಾಗ ಸಿಗುವುದು 0.5% ದ್ರಾವಣ. ರೋಗ ಬಂದ ಪೆಟ್ಟಿಗೆಗೆ ಇದು ಸರಿ. ಆರೋಗ್ಯವಾಗಿರುವ ಹಾವಿನ ಪೆಟ್ಟಿಗೆಗೆ ಲೀಟರಿಗೆ 30 ಮಿಲಿ ಸಾಕು. ಎರಡಕ್ಕೂ ಹತ್ತು ನಿಮಿಷ ಮೇಲ್ಮೈ ಒದ್ದೆಯಾಗಿಯೇ ಇರಬೇಕು.

ಬ್ಲೀಚಿನ ಬದಲು ಬ್ಲೀಚಿಂಗ್ ಪೌಡರ್ ಬಳಸುವವರೂ ಇದ್ದಾರೆ. ಬಾವಿಗೆ, ಚರಂಡಿಗೆ ಹಾಕುವ ಆ ಪುಡಿಯಲ್ಲೂ ಕೆಲಸ ಮಾಡುವುದು ಕ್ಲೋರಿನ್ನೇ. ಆದರೆ ಡಬ್ಬ ತೆರೆದಿಟ್ಟಷ್ಟೂ ಅದರ ಸತ್ವ ಇಳಿಯುವುದರಿಂದ ಅಳತೆ ನಂಬುವಂತಿಲ್ಲ, ಸುಣ್ಣದ ಗಸಿಯೂ ಮೂಲೆಗಳಲ್ಲಿ ಉಳಿಯುತ್ತದೆ. ಪೆಟ್ಟಿಗೆಗೆ ಅದು ತಕ್ಕದ್ದಲ್ಲ. ಎರಡು ರೂಪಗಳಿಗೂ ಒಂದೇ ಎಚ್ಚರಿಕೆ: ವಿನೆಗರ್ ಅಥವಾ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಮೋನಿಯಾ ಸೇರಿದರೆ ಕ್ಲೋರಮೈನ್ ಏಳುತ್ತದೆ. ಎರಡೂ ಶ್ವಾಸಕೋಶ ಸುಡುವ ವಿಷಗಳು. ಹಾವಿನ ಮೂತ್ರದಲ್ಲೂ ಅಮೋನಿಯಾ ಅಂಶ ಇರುವುದರಿಂದ ಹಸಿ ಗಲೀಜಿನ ಮೇಲೆ ನೇರವಾಗಿ ಬ್ಲೀಚ್ ಸುರಿಯುವುದು ಎರಡು ಬಗೆಯಲ್ಲಿ ತಪ್ಪು: ಮದ್ದೂ ಹಾಳು, ಗಾಳಿಯೂ ಹಾಳು.

ಎರಡನೆಯ ಗುಂಪು ಕ್ವಾಟರ್ನರಿ ಅಮೋನಿಯಂ ಸಂಯುಕ್ತಗಳದ್ದು. ಬಳಕೆಯಲ್ಲಿ ‘ಕ್ವಾಟ್’ ಎಂದೇ ಹೆಸರು. ಬೆಂಜಾಲ್ಕೋನಿಯಂ ಕ್ಲೋರೈಡ್ ಇವುಗಳಲ್ಲಿ ಪ್ರಸಿದ್ಧ. ಸರೀಸೃಪ ಸಾಕುವವರು, ಮೃಗಾಲಯಗಳು, ಪಶುವೈದ್ಯರು ಹೆಚ್ಚು ನೆಚ್ಚಿಕೊಂಡಿರುವ ದಕ್ಷಿಣ ಆಫ್ರಿಕಾದ ಎಫ್10 ಎಸ್‌ಸಿ ಈ ಸಂಯುಕ್ತಕ್ಕೆ ಬೈಗ್ವನೈಡ್ ಸೇರಿಸಿ ಮಾಡಿದ್ದು. ಲೋಹ ತುಕ್ಕು ಹಿಡಿಯುವುದಿಲ್ಲ, ಘಾಟಿಲ್ಲ, ದಿನಬಳಕೆಗೆ ಲೀಟರಿಗೆ 2 ಮಿಲಿ ಸಾಕು. ವೈರಸ್ಸಿನ ಭಯವಿದ್ದರೆ 4 ಮಿಲಿ, ಶಿಲೀಂಧ್ರ ಇದ್ದರೆ 8 ಮಿಲಿ. ಒಂದು ಸಣ್ಣ ಬಾಟಲಿ ವರ್ಷಗಟ್ಟಲೆ ಬರುವುದರಿಂದ ಅದರ ಹೊಗಳಿಕೆ ಪೊಳ್ಳಲ್ಲ. ಆದರೆ ಎಲ್ಲ ಕ್ವಾಟ್‌ಗಳ ಗುಟ್ಟಿನ ಶತ್ರು ಸೋಪು. ಸೋಪಿನ ಋಣ ವಿದ್ಯುದಂಶ, ಕ್ವಾಟಿನ ಧನ ವಿದ್ಯುದಂಶ ಕೂಡಿ ಎರಡೂ ನಿಷ್ಕ್ರಿಯವಾಗುತ್ತವೆ. ಸೋಪಿನಿಂದ ಉಜ್ಜಿ, ನೊರೆ ಪೂರ್ತಿ ಹೋಗುವಂತೆ ತೊಳೆಯದೆ ಕ್ವಾಟ್ ಹಾಕಿದವರು ಮಾಡಿದ್ದು ಬರೀ ತೃಪ್ತಿಯ ಕೆಲಸ. ಗಡಸು ನೀರೂ ಇವುಗಳ ಬಲ ಕುಗ್ಗಿಸುತ್ತದೆ. ಬೋರ್‌ವೆಲ್ ನೀರನ್ನೇ ನಂಬಿದ ಬೆಂಗಳೂರು, ಕೋಲಾರದ ಕಡೆಯ ಮನೆಗಳಲ್ಲಿ ಫಿಲ್ಟರ್ ನೀರಿನಲ್ಲಿ ಕಲಸುವುದು ಮೇಲು.

ಕ್ಲೋರ್‌ಹೆಕ್ಸಿಡೀನ್‌ಗೆ ಅಮೆರಿಕದ ಹವ್ಯಾಸಿಗಳಲ್ಲಿ ದಶಕಗಳಿಂದ ದೊಡ್ಡ ಹೆಸರಿದೆ. ಇದು ಮೂಲತಃ ಚರ್ಮಕ್ಕೆ, ಗಾಯಕ್ಕೆ ಹಚ್ಚುವ ಔಷಧ. ಹಾವಿಗೆ ಅಪಾಯ ಕಡಿಮೆ ಎಂಬುದೇ ಅದರ ಮೊದಲ ಆಕರ್ಷಣೆ. ಆದರೆ ಮೃದುತ್ವವನ್ನು ಸಾಮರ್ಥ್ಯ ಎಂದು ತಿಳಿಯಬಾರದು. ಬ್ಯಾಕ್ಟೀರಿಯಾ ಮೇಲೆ ಅದರ ಹಿಡಿತ ಚೆನ್ನಾಗಿದೆ, ಆದರೂ ಆಸ್ಪತ್ರೆಗಳಲ್ಲಿ ಮೊಂಡು ಸೋಂಕು ತರುವ ಸ್ಯೂಡೊಮೊನಾಸ್ ಅದನ್ನು ಸಹಿಸಿಕೊಳ್ಳಬಲ್ಲದು. ಬೀಜಾಣುಗಳನ್ನು ಅದು ಕೊಲ್ಲುವುದಿಲ್ಲ. ಉತ್ತರ ಅಮೆರಿಕದ ಕಾಡುಹಾವುಗಳನ್ನು ಕಾಡುತ್ತಿರುವ ಒಫಿಡಿಯೊಮೈಸಿಸ್ ಎಂಬ ಶಿಲೀಂಧ್ರದ ಮೇಲೆ ನಡೆದ ಪ್ರಯೋಗದಲ್ಲಿ ಬ್ಲೀಚ್ ದ್ರಾವಣ ಮತ್ತು 70% ಆಲ್ಕೋಹಾಲ್ ಗೆದ್ದವು, 2% ಕ್ಲೋರ್‌ಹೆಕ್ಸಿಡೀನ್ ಸೋತಿತು. ನೀರಿನ ಬಟ್ಟಲಿಗೆ, ವಾರದ ಒರಸುವಿಕೆಗೆ ಅದು ಒಪ್ಪುತ್ತದೆ. ರೋಗ ಬಂದ ಪೆಟ್ಟಿಗೆಯನ್ನು ಅದಕ್ಕೊಪ್ಪಿಸುವುದು ಸರಿಯಲ್ಲ. ಇದಕ್ಕೂ ಸೋಪು ಆಗದು.

ಭಾರತದ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ಫಿನಾಯಿಲು. ಕಪ್ಪು ಫಿನಾಯಿಲು ಕಲ್ಲಿದ್ದಲಿನ ಡಾಂಬರಿನಿಂದ ಬಂದ ಫೀನಾಲ್ ಜಾತಿಯ ವಸ್ತುಗಳ ಮಿಶ್ರಣ. ನೀರಿಗೆ ಬಿದ್ದೊಡನೆ ಹಾಲಿನಂತಾಗುವ ಬಿಳಿಯದ್ದರಲ್ಲಿ ಪೈನ್ ಎಣ್ಣೆ ಮುಖ್ಯ. ಇಂಥ ದ್ರಾವಣಗಳ ಬಲವನ್ನು ಫೀನಾಲಿನೊಡನೆ ಹೋಲಿಸಿ ಅಳೆಯುವ ರೀಡಿಯಲ್-ವಾಕರ್ ಪದ್ಧತಿ 1903ರಷ್ಟು ಹಳೆಯದು. ಕೊಲ್ಲುವ ಶಕ್ತಿಯ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಅದು ಬಿಟ್ಟುಹೋಗುವ ಜಿಡ್ಡಿನ ಬಗ್ಗೆ. ಫೀನಾಲ್‌ಗಳು ಪ್ಲಾಸ್ಟಿಕ್ಕಿಗೆ, ಮರಕ್ಕೆ ಇಂಗುತ್ತವೆ, ಬಿಸಿ ತಗಲಿದಾಗ ಮತ್ತೆ ಮತ್ತೆ ಆವಿಯಾಗುತ್ತವೆ, ಚರ್ಮದ ಮೂಲಕವೂ ಒಳಸೇರುತ್ತವೆ. ಸರೀಸೃಪಗಳಿಗೆ ಇವು ವಿಷ ಎಂಬುದರಲ್ಲಿ ಪಶುವೈದ್ಯರಿಗೆ ಭಿನ್ನಾಭಿಪ್ರಾಯವಿಲ್ಲ. ಡೆಟಾಲ್‌ನಲ್ಲಿರುವ ಕ್ಲೋರೊಕ್ಸೈಲಿನಾಲ್ ಕೂಡ ಫೀನಾಲ್ ಕುಲದ್ದೇ. ಜೊತೆಗೆ ಪೈನ್ ಎಣ್ಣೆಯೂ ಇದೆ. ನೆಲ ಒರಸಿದಾಗ ‘ಶುಚಿಯ ವಾಸನೆ’ ಅನ್ನಿಸುವುದು ಪೆಟ್ಟಿಗೆಯೊಳಗೆ ವಿಷದ ವಾಸನೆ. ಹಾವಿನ ಮಟ್ಟಿಗೆ ಈ ಇಡೀ ಗುಂಪನ್ನು ಬದಿಗಿಡಬೇಕು.

ಆಮ್ಲಜನಕ ಬಿಡುಗಡೆ ಮಾಡಿ ಕೊಲ್ಲುವ ವಸ್ತುಗಳದ್ದು ಮತ್ತೊಂದು ಗುಂಪು. ಔಷಧದಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಮಲದ ಕಲೆಯ ಮೇಲೆ ಬಿದ್ದಾಗ ನೊರೆಗರೆಯುತ್ತದೆ. ನೋಡುವವರಿಗೆ ಅದು ಕೊಳೆ ಕಿತ್ತುಬರುತ್ತಿರುವಂತೆ ಕಾಣುತ್ತದೆ. ನಿಜದಲ್ಲಿ ಅಲ್ಲಿರುವ ಕೆಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ಒಡೆದು ನೀರು ಮಾಡುತ್ತಿರುತ್ತದೆ. ಕೊಳೆ ತೆಗೆದ ಮೇಲೆ ಬಳಸಿದರೆ ಇದು ನೀರು, ಆಮ್ಲಜನಕ ಬಿಟ್ಟು ಬೇರೇನೂ ಉಳಿಸುವುದಿಲ್ಲ. ಆದರೆ ಕೆಲಸ ನಿಧಾನ. ಇದೇ ಗುಂಪಿನ ವಿರ್ಕಾನ್ ಎಸ್ ಭಾರತದ ಕೋಳಿ ಫಾರಂಗಳಲ್ಲಿ ಪರಿಚಿತ ಗುಲಾಬಿ ಪುಡಿ. ಲೀಟರಿಗೆ 10 ಗ್ರಾಂ, ಹತ್ತು ನಿಮಿಷ. ಕಲಸಿದ್ದು ಸುಮಾರು ಒಂದು ವಾರ ಉಳಿಯುತ್ತದೆ, ಬಣ್ಣ ಮಾಸಿದರೆ ಶಕ್ತಿಯೂ ಮಾಸಿತೆಂದು ತಿಳಿಯಬಹುದು. ಪುಡಿಯ ಧೂಳು ಮೂಗಿಗೆ ಹೋಗದಂತೆ ನೋಡಿಕೊಳ್ಳಬೇಕು, ಕಬ್ಬಿಣದ ಭಾಗಗಳನ್ನು ಚೆನ್ನಾಗಿ ತೊಳೆಯಬೇಕು. ರೋಗ ಬಂದ ಕೋಣೆಗೆ ಇದು ಬ್ಲೀಚಿಗೆ ಸರಿಸಮ. ಒಂದೇ ಹಾವಿರುವ ಮನೆಗೆ ಅತಿಯಾಯಿತು.

ಆಲ್ಕೋಹಾಲ್ 70% ಇದ್ದಾಗ ಚುರುಕು, ಆದರೆ ಬೇಗ ಆರುವುದರಿಂದ ಅಗಲವಾದ ಜಾಗಕ್ಕೆ ಒಗ್ಗದು. ಇಕ್ಕಳ, ಹಾವು ಹಿಡಿಯುವ ಕೊಕ್ಕೆಗೆ ಸರಿ. ಅಕ್ರಿಲಿಕ್ ಗಾಜಿನಲ್ಲಿ ಸೀಳು ಎಬ್ಬಿಸುತ್ತದೆ, ಉರಿಯುವ ದೀಪದ ಬಳಿ ಬೆಂಕಿಯ ಭಯವೂ ಇದೆ. ವಿನೆಗರ್ ಗಾಜಿನ ಮೇಲಿನ ನೀರಿನ ಕಲೆ, ಅಂಟಿದ ಸುಣ್ಣ ಸಡಿಲಿಸುವುದರಲ್ಲಿ ಜಾಣ. ಅದನ್ನು ಸೋಂಕುನಿವಾರಕ ಎನ್ನಲಾಗದು.

ಯಾವ ಮದ್ದೂ ಎಲ್ಲದಕ್ಕೂ ಅಲ್ಲ. ಬೋವಾ, ಹೆಬ್ಬಾವುಗಳ ಮಾರಕ ರೋಗವಾದ ಇನ್‌ಕ್ಲೂಷನ್ ಬಾಡಿ ಡಿಸೀಸ್‌ಗೆ ಅರೆನಾವೈರಸ್ ನಂಟಿದೆಯೆಂದು 2012ರಲ್ಲಿ ಗೊತ್ತಾಯಿತು. ಕೊಬ್ಬಿನ ಹೊದಿಕೆಯುಳ್ಳ ಇಂಥ ವೈರಸ್‌ಗಳು ಹೆಸರಿಗೆ ಭಯಂಕರವಾದರೂ ಪೆಟ್ಟಿಗೆಯ ಮೇಲೆ ಸುಲಭವಾಗಿ ಸಾಯುತ್ತವೆ. ಕಷ್ಟದ್ದು ಕ್ರಿಪ್ಟೊಸ್ಪೊರಿಡಿಯಂ ಸರ್ಪೆಂಟಿಸ್. ಜಠರ ಊದಿಸಿ, ನುಂಗಿದ ಇಲಿಯನ್ನು ಕಕ್ಕಿಸುವ ಈ ಪರಜೀವಿಯ ಗಟ್ಟಿಕೋಶಗಳಿಗೆ ಬ್ಲೀಚ್ ಮತ್ತು ಕ್ವಾಟ್‌ಗಳ ಲೆಕ್ಕವಿಲ್ಲ. ಹಬೆ ಅಥವಾ ಕುದಿನೀರು, ಅನಂತರ ಪೂರ್ತಿ ಒಣಗಿಸುವಿಕೆ ಅದಕ್ಕಿರುವ ಉತ್ತರ. ಮರ, ತೊಗಟೆ, ತಳಹಾಸನ್ನು ಉಳಿಸಿಕೊಳ್ಳುವ ಆಸೆ ಬಿಟ್ಟು ಎಸೆಯಬೇಕು. ಹಾವಿನ ರಕ್ತ ಹೀರುವ ಕರಿ ನುಸಿಗೂ ಸೋಂಕುನಿವಾರಕಕ್ಕೂ ಸಂಬಂಧವಿಲ್ಲ; ಅದಕ್ಕೆ ಪಶುವೈದ್ಯರು ಹೇಳಿದ ನುಸಿನಾಶಕವೇ ಬೇಕು.

ಇಷ್ಟನ್ನು ಕೂಡಿಸಿದರೆ ಕ್ರಮ ತಾನಾಗಿ ಹೊರಡುತ್ತದೆ. ಹಾವನ್ನು ಮುಚ್ಚಳವುಳ್ಳ ಬೇರೆ ಡಬ್ಬಕ್ಕೆ ಸ್ಥಳಾಂತರಿಸಿ, ತಳಹಾಸು ತೆಗೆದು ಚೀಲಕ್ಕೆ ಹಾಕುವುದು. ಅಂಟಿದ್ದನ್ನು ಬಿಸಿನೀರಿನಲ್ಲಿ ನೆನೆಸಿ ಕೆರೆಯುವುದು. ಸೋಪು ಹಾಕಿ ಉಜ್ಜಿ ತೊಳೆಯುವುದು. ಸೋಂಕುನಿವಾರಕ ಹಚ್ಚಿ ಗಡಿಯಾರ ನೋಡಿಕೊಂಡು ಬಿಡುವುದು, ನಡುವೆ ಆರಿದರೆ ಮತ್ತೆ ಒದ್ದೆ ಮಾಡುವುದು. ಧಾರಾಳ ನೀರಿನಲ್ಲಿ ತೊಳೆದು ಬಾಗಿಲು ತೆರೆದಿಟ್ಟು ಒಣಗಿಸುವುದು. ಹಿಕ್ಕೆಯನ್ನು ಕಂಡ ದಿನವೇ ತೆಗೆಯಬೇಕು, ಬಟ್ಟಲನ್ನು ವಾರಕ್ಕೊಮ್ಮೆಯಾದರೂ ಉಜ್ಜಬೇಕು. ಪೂರ್ತಿ ಪೆಟ್ಟಿಗೆಗೆ ತಿಂಗಳಿಗೊಮ್ಮೆ ಸಾಕು. ವಾರವಾರವೂ ಎಲ್ಲವನ್ನೂ ಉಜ್ಜಿ ತನ್ನದೆಂಬ ವಾಸನೆಯನ್ನೇ ಅಳಿಸಿದರೆ ಹಾವು ಕಂಗೆಟ್ಟು ಮೇವು ಬಿಡುವುದುಂಟು. ಹೊಸದಾಗಿ ಬಂದ ಹಾವಿಗೆ ಬೇರೆ ಬಟ್ಟಲು, ಬೇರೆ ಬ್ರಷ್ ಇರಬೇಕು. ಶುಚಿಯ ಸರದಿಯಲ್ಲಿ ಅದು ಕೊನೆಯದಾಗಿರಬೇಕು.

ತೊಳೆಯುವ ಜಾಗವೂ ಮುಖ್ಯ. ಆರೋಗ್ಯವಾಗಿ ಕಾಣುವ ಹಾವಿನ ಕರುಳಿನಲ್ಲೂ ಸಾಲ್ಮೊನೆಲ್ಲಾ ಇರುವುದು ಸಾಮಾನ್ಯ. ಮೇವಾಗಿ ಕೊಡುವ ಇಲಿಗಳಿಂದಲೂ ಅದು ಬರುತ್ತದೆ. ಐದು ವರ್ಷದೊಳಗಿನ ಮಕ್ಕಳು, ವೃದ್ಧರು, ಗರ್ಭಿಣಿಯರಿಗೆ ಅದರ ಅಪಾಯ ಹೆಚ್ಚು. ಪೆಟ್ಟಿಗೆ, ಬಟ್ಟಲುಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬಾರದು. ಬಚ್ಚಲಲ್ಲಿ ತೊಳೆದರೆ ಆ ನೆಲಕ್ಕೂ ಬ್ಲೀಚ್ ಹಾಕಬೇಕು. ಭಾರತದಲ್ಲಿ ನಾಗರ, ಕೇರೆ, ಹೆಬ್ಬಾವಿನಂಥ ಇಲ್ಲಿನ ಹಾವುಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಮನೆಯಲ್ಲಿ ಸಾಕುವಂತಿಲ್ಲ. ಮೃಗಾಲಯಗಳು, ರಕ್ಷಣಾ ಕೇಂದ್ರಗಳು ಹಾಗೂ ಬಾಲ್ ಪೈಥಾನ್‌ನಂಥ ಹೊರದೇಶದ ಹಾವನ್ನು ನೋಂದಾಯಿಸಿ ಸಾಕುವವರಿಗೆ ಈ ವಿವೇಚನೆ ಅನ್ವಯಿಸುತ್ತದೆ.

ತೂಗಿ ನೋಡಿದಾಗ ದಿನಬಳಕೆಗೆ ಕ್ವಾಟ್ ಅಥವಾ ತೆಳು ಬ್ಲೀಚ್, ರೋಗಕ್ಕೆ ಗಟ್ಟಿ ಬ್ಲೀಚ್ ಅಥವಾ ವಿರ್ಕಾನ್, ಕ್ರಿಪ್ಟೊಗೆ ಬಿಸಿ, ಫಿನಾಯಿಲಿಗೆ ಬಾಗಿಲಾಚೆಯ ಜಾಗ. ಹಾವನ್ನು ಮರಳಿ ಬಿಡುವ ಮುನ್ನ ಇರುವ ಪರೀಕ್ಷೆ ಸರಳ: ಪೆಟ್ಟಿಗೆ ಮುಚ್ಚಿ, ಹೀಟರ್ ಹಾಕಿ, ಅರ್ಧ ಗಂಟೆ ಬಿಟ್ಟು ಮುಚ್ಚಳ ತೆರೆದು ಮೂಸಬೇಕು. ಏನಾದರೂ ವಾಸನೆ ಬಂದರೆ ಇನ್ನೊಮ್ಮೆ ನೀರು ಹಾಕಿ ತೊಳೆಯಬೇಕು.