ಕನ್ನಡ ಕೀಲಿಮಣೆ ವಿನ್ಯಾಸಗಳು: ದೃಷ್ಟಿಹೀನ ಬರೆಹಗಾರರ ನೆಲೆಯಿಂದ ಒಂದು ವಿಮರ್ಶೆ

ಕನ್ನಡ ಕೀಲಿಮಣೆಯನ್ನು ಕುರಿತ ಚರ್ಚೆಯಲ್ಲಿ ಎರಡು ವಾದಗಳು ಮತ್ತೆ ಮತ್ತೆ ಎದುರಾಗುತ್ತವೆ. ವರ್ಣಮಾಲೆಯ ಕ್ರಮವನ್ನು ಅನುಸರಿಸುವುದರಿಂದ ಇನ್‌ಸ್ಕ್ರಿಪ್ಟ್ ವಿನ್ಯಾಸವೇ ವೈಜ್ಞಾನಿಕವಾದುದು ಎಂಬುದು ಮೊದಲನೆಯದು. ಕೆ.ಪಿ. ರಾವ್ ಅವರು ರೂಪಿಸಿದ, ಮುಂದೆ ಕರ್ನಾಟಕ ಸರ್ಕಾರದ ಮಾನ್ಯತೆ ಪಡೆದು ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾದ ಧ್ವನ್ಯಾತ್ಮಕ ವಿನ್ಯಾಸವು ಕಲಿಯಲು ಸುಲಭವಾದರೂ ಇಂಗ್ಲಿಷಿನ ಹಂಗಿನಲ್ಲಿದೆ ಎಂಬುದು ಎರಡನೆಯದು. ಇವೆರಡೂ ಪರಸ್ಪರ ವಿರುದ್ಧವಾಗಿ ತೋರಿದರೂ ಒಂದು ಪೂರ್ವಗ್ರಹವನ್ನು ಹಂಚಿಕೊಂಡಿವೆ ಎಂಬುದು ನಮ್ಮ ಅಭಿಪ್ರಾಯ. ಬರೆಯುವವನು ಕೀಲಿಯ ಮೇಲಿನ ಅಕ್ಷರವನ್ನು ನೋಡುತ್ತಾನೆ, ಪರದೆಯ ಮೇಲೆ ಮೂಡಿದ ರೂಪವನ್ನು ನೋಡಿ ತಿದ್ದಿಕೊಳ್ಳುತ್ತಾನೆ ಎಂಬುದನ್ನು ಇವು ಪ್ರಶ್ನಿಸದೆ ಒಪ್ಪಿಕೊಂಡಿವೆ. ಬೆರಳು ಮತ್ತು ಕಿವಿಗಳಿಂದಲೇ ಬರೆಯುವವರನ್ನು ಮುಂದಿಟ್ಟುಕೊಂಡರೆ ಈ ವಾದಗಳ ತೂಕ ಬೇರೆಯಾಗುತ್ತದೆ.

ಇದು ಕೇವಲ ಸೌಕರ್ಯದ ಪ್ರಶ್ನೆಯಲ್ಲ. ದೃಷ್ಟಿಹೀನ ವಿದ್ಯಾರ್ಥಿಯು ಪರೀಕ್ಷೆಯಲ್ಲಿ ಸಹಾಯಕ ಲಿಪಿಕಾರನಿಗೆ ಉತ್ತರವನ್ನು ಹೇಳಿ ಬರೆಸುತ್ತಾನೆ. ಅಲ್ಲಿ ವಿಚಾರ ಅವನದು, ಕಾಗುಣಿತ ಲಿಪಿಕಾರನದು. ಹ್ರಸ್ವ-ದೀರ್ಘ, ಅಲ್ಪಪ್ರಾಣ-ಮಹಾಪ್ರಾಣ, ಶಕಾರ-ಷಕಾರಗಳ ಆಯ್ಕೆಯಲ್ಲಿ ಬರೆಹಗಾರನಿಗೆ ಹಕ್ಕೂ ಇಲ್ಲ, ಹೊಣೆಯೂ ಇಲ್ಲ. ತನ್ನ ಬರೆಹದ ಅಕ್ಷರಕ್ಕೆ ತಾನೇ ಉತ್ತರವಾದಿಯಾಗುವ ಅವಕಾಶ ಅವನಿಗೆ ಕೀಲಿಮಣೆಯಿಂದ ಮಾತ್ರ ದೊರೆಯುತ್ತದೆ. ಭಾಷಾಶಾಸ್ತ್ರಕ್ಕೂ ಈ ಚರ್ಚೆಗೂ ಇರುವ ನಂಟು ಇಲ್ಲಿಯೇ ಇದೆಯೆಂದು ನಾವು ಭಾವಿಸುತ್ತೇವೆ.

ಮೊದಲು ಬ್ರೈಲ್ ಲಿಪಿಯಿಂದ ಹೊರಡೋಣ. ಏಕೆಂದರೆ ಶಾಲೆಯಲ್ಲಿ ಬ್ರೈಲ್ ಕಲಿತ ಕನ್ನಡಿಗನಿಗೆ ‘ಅಕ್ಷರ’ ಎಂದರೆ ಅದೇ. 1950ರ ದಶಕದ ಆರಂಭದಲ್ಲಿ ಭಾರತೀಯ ಭಾಷೆಗಳಿಗೆ ಸಾಮಾನ್ಯವಾಗಿ ರೂಪುಗೊಂಡ ಭಾರತಿ ಬ್ರೈಲ್‌ನಲ್ಲಿ ಕಕಾರವು 1 ಮತ್ತು 3ನೆಯ ಚುಕ್ಕಿಗಳಿಂದಾಗುತ್ತದೆ. ಇಂಗ್ಲಿಷ್ ಬ್ರೈಲ್‌ನ ‘ಕೆ’ ಅಕ್ಷರವೂ ಅದೇ ಚುಕ್ಕಿಗಳಿಂದಾದುದು. ಗ, ಜ, ತ, ದ, ನ, ಪ, ಬ, ಮ, ರ, ಲ, ಸ, ಹ ಮೊದಲಾದ ವ್ಯಂಜನಗಳೂ ತಮ್ಮ ರೋಮನ್ ಸಂವಾದಿಗಳ ಚುಕ್ಕಿಗಳನ್ನೇ ಪಡೆದಿವೆ. ಅಂದರೆ ಭಾರತಿ ಬ್ರೈಲ್ ಸ್ವತಃ ಒಂದು ಧ್ವನ್ಯಾತ್ಮಕ ಹೊಂದಾಣಿಕೆ. ಕೆ.ಪಿ. ರಾವ್ ವಿನ್ಯಾಸದಲ್ಲಿ ಕಕಾರವು ‘ಕೆ’ ಕೀಲಿಯಲ್ಲಿ, ತಕಾರವು ‘ಟಿ’ ಕೀಲಿಯಲ್ಲಿ ಇರುವುದನ್ನು ಇಂಗ್ಲಿಷಿನ ಹಂಗು ಎಂದು ಕರೆಯುವವರು ಇದನ್ನು ಗಮನಿಸಿಲ್ಲ. ಬ್ರೈಲ್ ಬಲ್ಲವರ ಬೆರಳಿಗೆ ಆ ಹೊಂದಾಣಿಕೆ ಮೊದಲೇ ಪರಿಚಿತ. ಅದು ಕಂಪ್ಯೂಟರಿನಿಂದ ಬಂದ ಹಂಗಲ್ಲ, ಅವರು ಅಕ್ಷರ ಕಲಿತ ದಾರಿಯೇ ಹೌದು.

ಸ್ವರಗಳ ವಿಷಯದಲ್ಲಿ ಈ ಸಾಮ್ಯ ಇನ್ನೂ ಆಳವಾದುದು. ಮುದ್ರಿತ ಕನ್ನಡದಲ್ಲಿ ‘ಇ’ ಎಂಬ ಸ್ವತಂತ್ರ ಸ್ವರಕ್ಕೂ ‘ಕಿ’ ಎಂಬಲ್ಲಿನ ಗುಡಿಸಿಗೂ ರೂಪಸಂಬಂಧವಿಲ್ಲ. ಭಾರತಿ ಬ್ರೈಲ್‌ನಲ್ಲಿ ಎರಡಕ್ಕೂ ಒಂದೇ ಚಿಹ್ನೆ. ಕೆ.ಪಿ. ರಾವ್ ವಿನ್ಯಾಸದಲ್ಲೂ ಒಂದೇ ಕೀಲಿ. ವ್ಯಂಜನದ ನಂತರ ಒತ್ತಿದರೆ ಗುಡಿಸು, ಇಲ್ಲವಾದರೆ ಪೂರ್ಣಸ್ವರ. ಇನ್‌ಸ್ಕ್ರಿಪ್ಟ್ ಮಾತ್ರ ಇವೆರಡನ್ನು ಬೇರ್ಪಡಿಸಿ, ಚಿಹ್ನೆಯನ್ನು ಕೀಲಿಯ ಕೆಳಸ್ಥಾನದಲ್ಲಿಯೂ ಪೂರ್ಣಸ್ವರವನ್ನು ಶಿಫ್ಟ್ ಜೊತೆಗೂ ಇರಿಸಿದೆ. ಒಂದೇ ಧ್ವನಿಮಾವನ್ನು ಎರಡು ಲೇಖನಘಟಕಗಳಾಗಿ ಕಾಣುವುದು ಕಣ್ಣಿನ ತರ್ಕ. ವರ್ಣಮಾಲೆಗೆ ನಿಷ್ಠವೆನಿಸಿಕೊಂಡ ವಿನ್ಯಾಸವು ಈ ಒಂದು ಅಂಶದಲ್ಲಿ ವರ್ಣಕ್ಕಿಂತ ಲಿಪಿರೂಪಕ್ಕೆ ಹೆಚ್ಚು ನಿಷ್ಠವಾಗಿದೆ.

ಆದರೆ ಇಷ್ಟರಿಂದ ಧ್ವನ್ಯಾತ್ಮಕ ವಿನ್ಯಾಸವು ಎಲ್ಲ ಬಗೆಯಲ್ಲೂ ಮೇಲೆಂದು ತೀರ್ಮಾನಿಸುವಂತಿಲ್ಲ. ‘ವಿದ್ಯಾರ್ಥಿ’ ಎಂಬ ಪದವನ್ನು ತೆಗೆದುಕೊಳ್ಳೋಣ. ಕೆ.ಪಿ. ರಾವ್ ವಿನ್ಯಾಸದಲ್ಲಿ ಇದಕ್ಕೆ 10 ಕೀಲಿಗಳು. ದೀರ್ಘಕ್ಕೆ ಒಮ್ಮೆ, ಥಕಾರಕ್ಕೆ ಒಮ್ಮೆ, ಹೀಗೆ ಎರಡು ಸಲ ಶಿಫ್ಟ್ ಬೇಕು. ಇನ್‌ಸ್ಕ್ರಿಪ್ಟ್‌ನಲ್ಲೂ 10 ಕೀಲಿಗಳೇ. ಆದರೆ ದೀರ್ಘಚಿಹ್ನೆಗೆ ಪ್ರತ್ಯೇಕ ಕೀಲಿ ಇರುವುದರಿಂದ ಥಕಾರಕ್ಕೆ ಮಾತ್ರ ಶಿಫ್ಟ್. ಭಾರತಿ ಬ್ರೈಲ್‌ನಲ್ಲಿ ಬರೆದರೂ 10 ಕೋಶಗಳು, ಶಿಫ್ಟಿನ ಮಾತೇ ಇಲ್ಲ. ಖ, ಘ, ಥ, ಧ, ಭಗಳಿಗೆ ಅಲ್ಪಪ್ರಾಣದಿಂದ ಸಾಧಿತವಲ್ಲದ ಸ್ವತಂತ್ರ ಚುಕ್ಕಿಗಳಿವೆ. ಕನ್ನಡದಲ್ಲಿ ದೀರ್ಘಸ್ವರ ಬಾರದ ವಾಕ್ಯ ಅಪರೂಪ. ಪ್ರತಿ ದೀರ್ಘಕ್ಕೂ ಎರಡು ಬೆರಳುಗಳನ್ನು ಒಟ್ಟಿಗೆ ಒತ್ತಬೇಕೆಂಬುದು ಎರಡೂ ಕೈ ಸರಾಗವಾಗಿರುವವರಿಗೆ ಅಲ್ಪ ವಿಷಯ; ಒಂದು ಕೈಯಿಂದ ಬರೆಯುವವರಿಗೆ ಅದು ದಿನವಿಡೀ ಸಲ್ಲಿಸುವ ಸುಂಕ. ಶಿಫ್ಟನ್ನು ಒತ್ತಿ ಬಿಟ್ಟರೂ ಮುಂದಿನ ಕೀಲಿಗೆ ಅನ್ವಯವಾಗುವ ‘ಸ್ಟಿಕಿ ಕೀಸ್’ ಸೌಲಭ್ಯ ವಿಂಡೋಸ್ 95ರಿಂದಲೂ ಇದೆ. ಅದು ಬೆರಳುಗಳ ಕಷ್ಟವನ್ನು ತಗ್ಗಿಸುತ್ತದೆಯೇ ಹೊರತು ಒತ್ತುಗಳ ಎಣಿಕೆಯನ್ನಲ್ಲ. ಇಂಗ್ಲಿಷಿನಲ್ಲಿ ಡ್ವೊರಾಕ್ ವಿನ್ಯಾಸಕ್ಕೆ ಎಡಗೈಯವರಿಗೆ, ಬಲಗೈಯವರಿಗೆ ಎಂದು ಪ್ರತ್ಯೇಕ ರೂಪಗಳಿವೆ. ಕನ್ನಡದ ಯಾವ ಅಧಿಕೃತ ವಿನ್ಯಾಸಕ್ಕೂ ಅಂಥ ರೂಪವಿಲ್ಲ. ಅಲ್ಲದೆ ಧ್ವನ್ಯಾತ್ಮಕ ವಿನ್ಯಾಸದಲ್ಲಿ ಟಕಾರವು ‘ಕ್ಯೂ’ ಕೀಲಿಯಲ್ಲಿ, ಡಕಾರವು ‘ಡಬ್ಲ್ಯೂ’ ಕೀಲಿಯಲ್ಲಿ, ಷಕಾರವು ‘ಎಕ್ಸ್’ ಕೀಲಿಯಲ್ಲಿ ಇರುವುದಕ್ಕೆ ಧ್ವನಿಯ ಯಾವ ಸಮರ್ಥನೆಯೂ ಇಲ್ಲ. ಅಲ್ಲಿ ಬರಿಯ ನೆನಪೇ ಗತಿ.

ನಮಗೆ ಹೆಚ್ಚು ವಿಚಾರಯೋಗ್ಯವಾಗಿ ತೋರುವುದು ಸಂಯುಕ್ತಾಕ್ಷರ. ಕಣ್ಣಿಲ್ಲದೆ ಬರೆಯುವವರು ಕೀಲಿಮಣೆಯಲ್ಲಿ ದಿಕ್ಕು ಹಿಡಿಯುವುದು ‘ಎಫ್’ ಮತ್ತು ‘ಜೆ’ ಕೀಲಿಗಳ ಮೇಲಿನ ಉಬ್ಬುಗೆರೆಗಳಿಂದ. ಕೆ.ಪಿ. ರಾವ್ ವಿನ್ಯಾಸದಲ್ಲಿ ಒತ್ತಕ್ಷರಗಳನ್ನು ಬೆಸೆಯುವ ಹಲಂತಚಿಹ್ನೆಯು ‘ಎಫ್’ ಕೀಲಿಯಲ್ಲಿದೆ. ಎಡಗೈಯ ತೋರುಬೆರಳು ವಿರಮಿಸುವ ಸ್ಥಳದಲ್ಲಿಯೇ, ಉಬ್ಬುಗೆರೆಯ ಅಡಿಯಲ್ಲಿಯೇ, ಕನ್ನಡ ಬರೆಹದ ಅತ್ಯಂತ ದುಡಿಯುವ ಚಿಹ್ನೆ ಇದೆ. ಇದು ಉದ್ದೇಶಪೂರ್ವಕವೋ ಆಕಸ್ಮಿಕವೋ, ಸ್ಪರ್ಶದ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ಸ್ಥಾನ ಇಲ್ಲ. ಇನ್‌ಸ್ಕ್ರಿಪ್ಟ್‌ನಲ್ಲಿ ಅದು ಪಕ್ಕದ ‘ಡಿ’ ಕೀಲಿಯಲ್ಲಿದೆ. ‘ಎಫ್’ ಕೀಲಿ ಗುಡಿಸಿಗೆ, ‘ಜೆ’ ಕೀಲಿ ರಕಾರಕ್ಕೆ ಸಂದಿವೆ. ಅದೂ ಕೆಟ್ಟ ಆಯ್ಕೆಯಲ್ಲ.

ತೊಡಕು ಸ್ಥಾನದಲ್ಲಿಲ್ಲ, ಕ್ರಮದಲ್ಲಿದೆ. ಕೀಲಿಮಣೆಯಲ್ಲಿ ‘ಸ್ತ’ ಬರೆಯಲು ಮೊದಲು ಸಕಾರ, ಆಮೇಲೆ ಹಲಂತ, ಆಮೇಲೆ ತಕಾರ. ಭಾರತಿ ಬ್ರೈಲ್‌ನಲ್ಲಿ ಹಲಂತಸೂಚಕವಾದ 4ನೆಯ ಚುಕ್ಕಿ ಮೊದಲು ಬರುತ್ತದೆ, ಆಮೇಲೆ ಸಕಾರ, ಆಮೇಲೆ ತಕಾರ. ಬ್ರೈಲ್ ಓದುಗನಿಗೆ ‘ಮುಂದಿನ ವ್ಯಂಜನಕ್ಕೆ ಅಕಾರವಿಲ್ಲ’ ಎಂಬ ಸೂಚನೆ ಮುಂಚಿತವಾಗಿ ದೊರೆಯುತ್ತದೆ. ಕೀಲಿಮಣೆಯಲ್ಲಿ ಅಕಾರವನ್ನು ಕೊಟ್ಟು ಆಮೇಲೆ ಕಿತ್ತುಕೊಳ್ಳಲಾಗುತ್ತದೆ. ‘ಬರಹ’ದಂಥ ಲಿಪ್ಯಂತರಣ ಪದ್ಧತಿಗಳಲ್ಲಿ ಮೂರನೆಯದೊಂದು ತರ್ಕವಿದೆ: ಅಲ್ಲಿ ವ್ಯಂಜನವು ಹುಟ್ಟುತ್ತಲೇ ಹಲಂತ, ಅಕಾರವನ್ನೇ ಬೇರೆಯಾಗಿ ಒತ್ತಬೇಕು. ‘ಮರ’ ಎಂಬುದಕ್ಕೆ ಕೆ.ಪಿ. ರಾವ್ ವಿನ್ಯಾಸದಲ್ಲಿ ಎರಡು ಕೀಲಿಗಳಾದರೆ ಅಲ್ಲಿ ನಾಲ್ಕು. ‘ವಿದ್ಯಾರ್ಥಿ’ಗೆ ಹತ್ತರ ಬದಲು ಒಂಬತ್ತು. ಲಿಪ್ಯಂತರಣದಲ್ಲಿ ಪರದೆಯ ಮೇಲಿನ ರೂಪವು ಪ್ರತಿ ಒತ್ತಿಗೂ ಅಳಿದು ಹೊಸದಾಗಿ ಮೂಡುತ್ತದೆ. ನೋಡುವವರಿಗೆ ಅದು ಒಂದು ಮಿಂಚು. ಕೇಳುವವರಿಗೆ ಏನು ಅಳಿಯಿತು, ಏನು ಉಳಿಯಿತು ಎಂಬ ಗೊಂದಲ. ಅಂತರ್ಗತ ಅಕಾರದ ಬಗೆಗೆ ನಮ್ಮ ಲಿಪಿಶಾಸ್ತ್ರದಲ್ಲಿ ಸಾಕಷ್ಟು ಬರೆಯಲಾಗಿದೆ. ಬರೆಯುವ ಕೈಗೆ ಅದು ಮೂರು ಬೇರೆ ಬೇರೆ ವ್ಯಾಕರಣಗಳಾಗಿ ಒದಗಿರುವುದನ್ನು ವಿನ್ಯಾಸಕಾರರು ಪರಿಗಣಿಸಿದಂತೆ ಕಾಣುವುದಿಲ್ಲ.

ಬರೆದದ್ದನ್ನು ಮರಳಿ ಕೇಳುವಾಗ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಬರುತ್ತದೆ. ಸ್ಕ್ರೀನ್ ರೀಡರ್ ತಂತ್ರಾಂಶವು ಅಕ್ಷರ ಅಕ್ಷರವಾಗಿ ಓದುವಾಗ ಯಾವುದನ್ನು ಒಂದು ಅಕ್ಷರವೆಂದು ಎಣಿಸಬೇಕು? ಯೂನಿಕೋಡ್‌ನ 15.1ನೆಯ ಆವೃತ್ತಿ (2023) ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಲ್ಲಿ ಸಂಯುಕ್ತಾಕ್ಷರವನ್ನು ಒಡೆಯದೆ ಒಂದೇ ಘಟಕವಾಗಿ ಕಾಣುವ ನಿಯಮವನ್ನು ತಂದಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹೀಗಾಗಿ ಆ ನಿಯಮದ ಪ್ರಕಾರ ತೆಲುಗಿನ ‘ಸ್ತ್ರೀ’ ಒಂದು ಘಟಕ, ಕನ್ನಡದ ‘ಸ್ತ್ರೀ’ ಮೂರು: ಸ್, ತ್, ರೀ. ಸೋದರಲಿಪಿಗಳ ನಡುವಿನ ಈ ಭೇದವನ್ನು ಕಂಡು ಅಸಮಾಧಾನಪಡುವುದು ಸಹಜ. ನಾವೂ ಮೊದಲು ಹಾಗೆಯೇ ಭಾವಿಸಿದ್ದೆವು. ಆದರೆ ಕಿವಿಯಿಂದ ತಿದ್ದುವವರಿಗೆ ಮೂರು ತುಂಡುಗಳೇ ಉಪಯುಕ್ತ. ‘ಸ್ತ್ರೀ’ ಎಂದು ಇಡಿಯಾಗಿ ಕೇಳಿಸಿದರೆ ಒಳಗಿನ ತಪ್ಪು ಮುಚ್ಚಿಹೋಗುತ್ತದೆ; ಸ್, ತ್, ರೀ ಎಂದು ಕೇಳಿಸಿದರೆ ಪ್ರತಿಯೊಂದೂ ಉಚ್ಚಾರಯೋಗ್ಯ, ಪ್ರತಿಯೊಂದೂ ಪರೀಕ್ಷೆಗೆ ಸಿಗುತ್ತದೆ. ಸಂಯುಕ್ತಾಕ್ಷರವನ್ನು ಅಖಂಡವಾಗಿ ಕಾಣಬೇಕೆಂಬ ಒತ್ತಾಯವು ಮುದ್ರಣದ ಸೌಂದರ್ಯಪ್ರಜ್ಞೆಯಿಂದ ಬಂದುದು. ನಿಜವಾದ ತೊಂದರೆ ಬೇರೆಡೆ ಇದೆ: ಓದುವಾಗ ಘಟಕ ಘಟಕವಾಗಿ ಚಲಿಸುವ ವ್ಯವಸ್ಥೆ, ಅಳಿಸುವಾಗ ಒಂದೊಂದೇ ಸಂಕೇತವನ್ನು ಅಳಿಸುತ್ತದೆ. ‘ರೀ’ ಎಂದು ಕೇಳಿ ಅಳಿಸಿದರೆ ಹೋಗುವುದು ದೀರ್ಘಸಹಿತವಾದ ಗುಡಿಸು ಮಾತ್ರ. ರಕಾರ ಹಾಗೆಯೇ ಉಳಿಯುತ್ತದೆ.

ಕಣ್ಣಿಗೆ ಕಾಣದ ತಪ್ಪುಗಳು ಕಿವಿಗೆ ಕೇಳಿಸುವುದೂ ಉಂಟು. ಕನ್ನಡದ ಅನುಸ್ವಾರ ಮತ್ತು ಸೊನ್ನೆಯ ಅಂಕಿ ನೋಟಕ್ಕೆ ಒಂದೇ ಬಗೆ. ಅವಸರದಲ್ಲಿ ಒಂದರ ಬದಲು ಇನ್ನೊಂದನ್ನು ಒತ್ತಿದವರಿಗೆ ಪರದೆಯ ಮೇಲೆ ಏನೂ ಕೆಟ್ಟಿರುವುದಿಲ್ಲ. ಸ್ಕ್ರೀನ್ ರೀಡರ್ ಮಾತ್ರ ಪದದ ನಡುವೆ ‘ಸೊನ್ನೆ’ ಎಂದು ಉಸುರುತ್ತದೆ. ಈ ಬರೆಹದ ಕರಡನ್ನು ಯಂತ್ರದಿಂದ ಓದಿಸಿ ಕೇಳಿದಾಗ ನಮ್ಮದೇ ವಾಕ್ಯವೊಂದರಲ್ಲಿ ಅಂಥ ಸೊನ್ನೆ ಸಿಕ್ಕಿತೆಂಬುದನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇವೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಕಡತಗಳ ಸ್ಥಿತಿಯಂತೂ ಹೇಳುವಂತಿಲ್ಲ. ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ, ಯಂತ್ರದ ಬಾಯಲ್ಲಿ ರೋಮನ್ ಅಕ್ಷರಗಳ ಅರ್ಥವಿಲ್ಲದ ರಾಶಿ. ಇದಕ್ಕೆ ಪ್ರತಿಯಾಗಿ ‘ಕೃಷಿ’ಯನ್ನು ‘ಕೃಶಿ’ ಎಂದು ಬರೆದರೆ ನೋಡುವವರಿಗೆ ತಕ್ಷಣ ತಿಳಿಯುತ್ತದೆ, ಕೇಳುವವರಿಗೆ ತಿಳಿಯುವುದು ಕಷ್ಟ. ಶಾಲೆಯ ಅಕ್ಷರಮಾಲೆಯಲ್ಲಿ ನಾವು ಕಲಿತ ಶಂಖದ ಶ, ಷಟ್ಕೋನದ ಷ ಇಂಥಲ್ಲಿ ನೆರವಿಗೆ ಬರಬಲ್ಲವು. ಅಕ್ಷರಕ್ಕೊಂದು ವಿವರಣಾಪದ ಕೊಡುವ ಏರ್ಪಾಡು ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್‌ಗಳಲ್ಲಿ ಇದ್ದೇ ಇದೆ. ಯಾವ ಅಕ್ಷರಕ್ಕೆ ಯಾವ ಪದ ಎಂಬುದನ್ನು ನಿರ್ಧರಿಸುವ ಕೆಲಸ ತಂತ್ರಜ್ಞರದಲ್ಲ, ಭಾಷಾಧ್ಯಾಪಕರದು.

ಇದೇ ಸಂದರ್ಭದಲ್ಲಿ ಚಿಹ್ನೆಗಳ ಹೆಸರುಗಳನ್ನೂ ಚರ್ಚಿಸಬೇಕು. ಒತ್ತಿದ ಕೀಲಿಯನ್ನು ಯಂತ್ರ ಗಟ್ಟಿಯಾಗಿ ಹೇಳುವಾಗ ಏನೆಂದು ಹೇಳಬೇಕು? ಯೂನಿಕೋಡ್‌ನ ಇಂಗ್ಲಿಷ್ ನಾಮಾವಳಿಯನ್ನು ಅನುವಾದಿಸಿ ‘ಸ್ವರಚಿಹ್ನೆ ಇ’, ‘ವಿರಾಮಚಿಹ್ನೆ’ ಎನ್ನುವುದು ಸುಲಭದ ದಾರಿ. ಆದರೆ ಕನ್ನಡದಲ್ಲಿ ‘ವಿರಾಮಚಿಹ್ನೆ’ ಎಂದರೆ ಅಲ್ಪವಿರಾಮ, ಪೂರ್ಣವಿರಾಮಗಳು. ನಮ್ಮ ಕೂಲಿಮಠಗಳ ಕಾಲದಿಂದ ಬಂದ ಬಾಯಿಪಾಠದಲ್ಲಿ ಪ್ರತಿ ಚಿಹ್ನೆಗೂ ಹೆಸರಿದೆ: ತಲಕಟ್ಟು, ಇಳಿ, ಗುಡಿಸು, ಕೊಂಬು, ವಟ್ರುಸುಳಿ, ಏತ್ವ, ಐತ್ವ, ಓತ್ವ, ಔತ್ವ. ಇವು ಆಕಾರದಿಂದ ಹುಟ್ಟಿದ ಹೆಸರುಗಳು, ಆದರೆ ಕಿವಿಯಿಂದ ಕಿವಿಗೆ ಸಾಗಿ ಬಂದವು. ಗುಡಿಸು ಹೇಗಿರುತ್ತದೆಂದು ಕಾಣದವರಿಗೂ ‘ಕಕ್ಕೆ ಗುಡಿಸು ಕಿ’ ಎಂಬ ಪಾಠ ತಟ್ಟನೆ ಅರ್ಥವಾಗುತ್ತದೆ. ಎರಡೂ ಒಂದೊಂದೇ ಪದ, ಒಂದಕ್ಕೊಂದು ದನಿಯಲ್ಲಿ ದೂರ; ವೇಗವಾಗಿ ಕೇಳುವವರಿಗೆ ‘ಸ್ವರಚಿಹ್ನೆ’ ಎಂಬ ಒಂದೇ ಮೊದಲಿನಿಂದ ಶುರುವಾಗುವ ಹೆಸರುಗಳಿಗಿಂತ ಇವು ಹೆಚ್ಚು ಒದಗುತ್ತವೆ.

ಹಲಂತಕ್ಕೆ ಮಾತ್ರ ಈ ಪರಂಪರೆಯಲ್ಲಿ ನೇರವಾದ ಸಂವಾದಿಯಿಲ್ಲ. ‘ಸ್ತ’ವನ್ನು ಮಕ್ಕಳು ‘ಸಕ್ಕೆ ತ ಒತ್ತು’ ಎಂದು ಹೇಳುತ್ತಾರೆ. ಅಲ್ಲಿ ಗುರುತಾಗುವುದು ಅಕಾರ ಕಳೆದುಕೊಂಡ ಸಕಾರವಲ್ಲ, ಕೆಳಗೆ ಬಂದು ಸೇರುವ ತಕಾರ. ಕೀಲಿಮಣೆ ಮೊದಲ ವ್ಯಂಜನಕ್ಕೆ ಚಿಹ್ನೆಯನ್ನು ಹಚ್ಚುತ್ತದೆ, ಕನ್ನಡಿಗರ ಮಾತು ಎರಡನೆಯದಕ್ಕೆ ಹೆಸರಿಡುತ್ತದೆ. ‘ಎಫ್’ ಕೀಲಿಯನ್ನು ಒತ್ತಿದ ಕ್ಷಣ ಯಂತ್ರ ಸುಮ್ಮನಿದ್ದು, ಮುಂದಿನ ವ್ಯಂಜನ ಬಂದೊಡನೆ ‘ತ ಒತ್ತು’ ಎಂದು ಹೇಳುವಂತೆ ಮಾಡುವುದು ತಾಂತ್ರಿಕವಾಗಿ ಕಷ್ಟವಲ್ಲ. ಪದಾಂತ್ಯದಲ್ಲಿ, ಮುಂದೆ ವ್ಯಂಜನವಿಲ್ಲದೆ ಹಲಂತ ನಿಂತಾಗ, ಉದಾಹರಣೆಗೆ ‘ಬಸ್’, ‘ಕಾರ್’ ಎಂಬಂಥ ಪದಗಳಲ್ಲಿ, ಏನನ್ನು ಹೇಳಬೇಕು ಎಂಬುದಷ್ಟೇ ಇತ್ಯರ್ಥವಾಗಬೇಕು.