ಆಶ್ರಯ ಮತ್ತು ಸ್ವಾತಂತ್ರ್ಯ: ಕೆನಡಾದ ಸ್ವತಂತ್ರ ಸಂಗೀತದ ಪೋಷಣೆಯನ್ನು ಕುರಿತು

ಕಲೆಗೆ ಆಶ್ರಯ ಬೇಕೆ ಬೇಡವೆ ಎಂಬ ಪ್ರಶ್ನೆ ಕಲೆಯಷ್ಟೇ ಹಳೆಯದು. ಪಂಪನಿಗೆ ಅರಿಕೇಸರಿಯ ಆಸ್ಥಾನವಿತ್ತು. ಅರಸರನ್ನು ಓಲೈಸಲೊಲ್ಲದ ವಚನಕಾರರಿಗೆ ಶರಣರ ಸಮೂಹವಿತ್ತು. ಎರಡು ಮಾರ್ಗಗಳಲ್ಲಿಯೂ ದೊಡ್ಡ ಸಾಹಿತ್ಯ ಹುಟ್ಟಿತು. ಆದುದರಿಂದ ವಿಚಾರ ಮಾಡಬೇಕಾದುದು ಆಶ್ರಯ ಇರಬೇಕೆ ಎಂಬುದನ್ನಲ್ಲ. ಅದು ಎಂಥದಾಗಿರಬೇಕು, ಏನನ್ನು ಅಳೆಯಬೇಕು, ಏನನ್ನು ಅಳೆಯದೆ ಬಿಡಬೇಕು ಎಂಬುದನ್ನು. ನಮ್ಮ ಕಾಲದಲ್ಲಿ ಅರಸನ ಸ್ಥಾನಕ್ಕೆ ಶಾಸನ ಬಂದಿದೆ. ಮನ್ನಣೆಯ ಸ್ಥಾನಕ್ಕೆ ಶೇಕಡಾ ಪ್ರಮಾಣ ಬಂದಿದೆ. ಈ ಹೊಸ ಆಶ್ರಯದ ಗುಣದೋಷಗಳನ್ನು ಅರಿಯಲು ಕೆನಡಾ ದೇಶದ ಜನಪ್ರಿಯ ಸಂಗೀತದ ಚರಿತ್ರೆಯಷ್ಟು ಬೋಧಪ್ರದವಾದ ಉದಾಹರಣೆ ಅಪರೂಪ.

ಆ ದೇಶದ ಸಂಕಟವನ್ನು ಮೊದಲು ಗ್ರಹಿಸತಕ್ಕದ್ದು. ಅಲ್ಲಿನ ಬಹುಸಂಖ್ಯಾತರು ಆಡುವ ಇಂಗ್ಲಿಷೇ ತಮಗಿಂತ ಅನೇಕ ಪಾಲು ದೊಡ್ಡದಾದ ನೆರೆರಾಷ್ಟ್ರದ ಭಾಷೆಯೂ ಹೌದು. ನ್ಯೂಯಾರ್ಕಿನಲ್ಲಿ, ಲಾಸ್ ಏಂಜಲೀಸಿನಲ್ಲಿ ಮುದ್ರಿತವಾದ ಹಾಡು ಟೊರಾಂಟೊದ ಬಾನುಲಿಯಲ್ಲಿ ಯಾವ ಅಡೆತಡೆಯೂ ಇಲ್ಲದೆ ಮೊಳಗುತ್ತದೆ. ಹಾಡನ್ನು ಹಿಡಿದು ನಿಲ್ಲಿಸುವ ಸುಂಕದ ಕಟ್ಟೆ ಎಲ್ಲಿಯೂ ಇಲ್ಲ. 1960ರ ದಶಕದಲ್ಲಿ ನೀಲ್ ಯಂಗ್, ಜೋನಿ ಮಿಚೆಲ್ ಮೊದಲಾದ ಪ್ರತಿಭಾವಂತರು ಕ್ಯಾಲಿಫೋರ್ನಿಯದ ದಾರಿ ಹಿಡಿದರು. ವಿನಿಪೆಗ್ ನಗರದ ‘ದಿ ಗೆಸ್ ಹೂ’ ತಂಡ 1970ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಪ್ರಥಮಸ್ಥಾನವನ್ನು ಪಡೆದುದು ಅಲ್ಲಿ ಹೆಮ್ಮೆಯ ಸಂಗತಿಯೆನಿಸಿತು. ಆದರೆ ಆ ಹೆಮ್ಮೆಯಲ್ಲಿಯೇ ಒಂದು ಅವಮಾನ ಅಡಗಿತ್ತು: ಮನೆಯ ಹಾಡಿಗೆ ನೆರೆಮನೆಯ ಮುದ್ರೆ ಬೀಳುವವರೆಗೆ ಮನೆಯವರು ಕಿವಿಗೊಡುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ನಮ್ಮ ಗಾದೆ ಅಲ್ಲಿಯೂ ಸಲ್ಲುವಂಥದೇ.

ಇದಕ್ಕೆ ಪರಿಹಾರವಾಗಿ ಬಂದುದು ಶಾಸನ. 1968ರ ಪ್ರಸಾರ ಕಾಯಿದೆಯಿಂದ ರಚಿತವಾದ ನಿಯಂತ್ರಣ ಮಂಡಲಿಯು ಪಿಯರ್ ಜೂನೋ ಅವರ ಅಧ್ಯಕ್ಷತೆಯಲ್ಲಿ ಒಂದು ನಿಯಮವನ್ನು ತಂದಿತು. 1971ರ ಜನವರಿಯಿಂದ ಬಾನುಲಿ ಕೇಂದ್ರಗಳು ತಾವು ನುಡಿಸುವ ಸಂಗೀತದಲ್ಲಿ ಶೇಕಡಾ 30ರಷ್ಟನ್ನು ಕೆನಡಾದ ಕೃತಿಗಳಿಗೆ ಮೀಸಲಿಡಬೇಕಾಯಿತು. ಯಾವುದು ಕೆನಡಾದ ಕೃತಿ? ಇದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದರು: ಸ್ವರಸಂಯೋಜನೆ, ಗಾಯಕ, ಮುದ್ರಣದ ಸ್ಥಳ, ಸಾಹಿತ್ಯ. ಇವುಗಳಲ್ಲಿ ಎರಡು ಕೆನಡಾಕ್ಕೆ ಸೇರಿದ್ದರೆ ಹಾಡು ಸ್ವದೇಶಿ. ನಾಲ್ಕರ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ‘ಮೇಪಲ್’ ಎಂದು ಹೆಸರಿಟ್ಟರು. ಮೇಪಲ್ ಮರದ ಎಲೆ ಅವರ ಧ್ವಜದ ಲಾಂಛನವೆಂಬುದನ್ನು ವಾಚಕರು ಬಲ್ಲರು. ವಾಲ್ಟ್ ಗ್ರೀಲಿಸ್ 1964ರಲ್ಲಿ ಆರಂಭಿಸಿದ ‘ಆರ್‌ಪಿಎಂ’ ಎಂಬ ಪತ್ರಿಕೆಯೂ ಅವರ ಜೊತೆಗಾರ ಸ್ಟ್ಯಾನ್ ಕ್ಲೀಸರೂ ಈ ಚಳವಳಿಗೆ ಬೆನ್ನೆಲುಬಾಗಿದ್ದರು. ಅವರು ಸ್ಥಾಪಿಸಿದ ಪ್ರಶಸ್ತಿಗೆ 1971ರಿಂದ ‘ಜೂನೋ’ ಎಂಬ ಹೆಸರು ಬಂದುದು ಆ ಅಧ್ಯಕ್ಷರ ಗೌರವಾರ್ಥವಾಗಿ. 1999ರಲ್ಲಿ ಜನಪ್ರಿಯ ಸಂಗೀತದ ಪಾಲನ್ನು ಶೇಕಡಾ 35ಕ್ಕೆ ಏರಿಸಿದರು. ಫ್ರೆಂಚ್ ಕೇಂದ್ರಗಳಿಗೆ ಬೇರೆ ಕಟ್ಟಳೆ: ಅಲ್ಲಿ ಜನಪ್ರಿಯ ಗಾಯನದಲ್ಲಿ ಶೇಕಡಾ 65 ಫ್ರೆಂಚ್ ಭಾಷೆಯಲ್ಲಿಯೇ ಇರಬೇಕು. ಒಂದೆಡೆ ರಾಷ್ಟ್ರೀಯತೆಯ ರಕ್ಷಣೆ, ಇನ್ನೊಂದೆಡೆ ನುಡಿಯ ರಕ್ಷಣೆ. ಎರಡನ್ನೂ ಒಂದೇ ದೇಶ ಬೇರೆ ಬೇರೆ ಅಳತೆಗೋಲುಗಳಿಂದ ಸಾಧಿಸಹೊರಟಿತು.

ಈ ನಿಯಮದ ಹಿರಿಮೆಯನ್ನು ಮೊದಲು ಒಪ್ಪಿಕೊಳ್ಳೋಣ. ಅದು ಏನನ್ನೂ ನಿಷೇಧಿಸಲಿಲ್ಲ. ಪರಕೀಯ ಸಂಗೀತಕ್ಕೆ ಬಾಗಿಲು ಮುಚ್ಚಲಿಲ್ಲ. ಸ್ವದೇಶದ ಹಾಡಿಗೆ ಒಂದು ಮಣೆ ಹಾಕಿತು, ಅಷ್ಟೆ. ಹಾಡಿನ ವಸ್ತು ಇಂಥದೇ ಇರಬೇಕೆಂದು, ಹಿಮವನ್ನೋ ಗೋದಿಯ ಬಯಲನ್ನೋ ವರ್ಣಿಸಬೇಕೆಂದು ಅದು ಹೇಳಲಿಲ್ಲ. ಅಧಿಕಾರಸ್ಥರು ರಸದ ವಿಷಯದಲ್ಲಿ ತೀರ್ಪು ಕೊಡದೆ ಉಳಿಯುವುದು ಅಪೂರ್ವವಾದ ಸಂಯಮ. ಮುದ್ರಣಾಲಯಗಳು, ತಂತ್ರಜ್ಞರು, ಪ್ರಕಾಶನ ಸಂಸ್ಥೆಗಳು ಒಂದು ತಲೆಮಾರಿನೊಳಗೆ ಅಲ್ಲಿ ಬೇರೂರಲು ಈ ಮಣೆಯೇ ಬಹುಮಟ್ಟಿಗೆ ಕಾರಣವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಅಳತೆಗೋಲು ಏನನ್ನು ಅಳೆಯುವುದೋ ಅದೇ ಬೆಳೆಯುತ್ತದೆ; ಅಳೆಯದೆ ಬಿಟ್ಟುದು ಸೊರಗುತ್ತದೆ. ನಿಯಮ ಅಳೆದುದು ಎಷ್ಟು ಬಾರಿ ನುಡಿಸಿದರು ಎಂಬುದನ್ನು. ಎಷ್ಟು ಮಂದಿಯ ಹಾಡನ್ನು ನುಡಿಸಿದರು ಎಂಬುದನ್ನಲ್ಲ. ಹೆಸರಾಂತ ನಾಲ್ವರ ಹಾಡನ್ನೇ ಮತ್ತೆ ಮತ್ತೆ ನುಡಿಸಿ ಲೆಕ್ಕ ತುಂಬಿಸುವುದು ಸುಲಭವಾಯಿತು. ಕೆಲವು ಕೇಂದ್ರಗಳು ಕೇಳುಗರು ಕಡಮೆಯಿರುವ ಹೊತ್ತಿನಲ್ಲಿ ಸ್ವದೇಶಿ ಹಾಡುಗಳನ್ನು ಒಟ್ಟಿಗೆ ಸುರಿದುಬಿಡುತ್ತಿದ್ದುವು; ಅಲ್ಲಿಯ ರಾಷ್ಟ್ರಪ್ರಾಣಿಯ ಹೆಸರಿನಿಂದ ಇದನ್ನು ಜನ ‘ಬೀವರ್ ವೇಳೆ’ ಎಂದು ಹಾಸ್ಯಮಾಡಿದರು. ದೊಡ್ಡ ಅಂತರರಾಷ್ಟ್ರೀಯ ಸಂಸ್ಥೆಯ ಗಾಯಕನಿಗೂ, ತಾನೇ ದುಡ್ಡು ಹಾಕಿ ಮುದ್ರಿಸಿದ ಸ್ವತಂತ್ರ ತಂಡಕ್ಕೂ ನಿಯಮದ ದೃಷ್ಟಿಯಲ್ಲಿ ಭೇದವಿರಲಿಲ್ಲ. 1978ರಲ್ಲಿ ಜನಪದ ಧಾಟಿಯ ಗಾಯಕ ಸ್ಟಾಂಪಿನ್ ಟಾಮ್ ಕಾನರ್ಸ್ ತಮಗೆ ಬಂದಿದ್ದ ಆರು ಜೂನೋ ಪ್ರಶಸ್ತಿಗಳನ್ನೂ ಹಿಂದಿರುಗಿಸಿದರು. ದೇಶ ಬಿಟ್ಟು ಹೋಗಿ ಹೊರಗೆ ದುಡಿಯುವವರಿಗೆ ಸ್ವದೇಶದ ಗೌರವ ಸಲ್ಲುತ್ತಿದೆ ಎಂಬುದು ಅವರ ಅಸಮಾಧಾನ. ಇದಕ್ಕೆ ತಿರುಗುಮುರುಗಾದ ಸಂಗತಿಯೊಂದು 1992ರ ಸುಮಾರಿಗೆ ನಡೆಯಿತು. ಕೆನಡಾದವರೇ ಆದ ಬ್ರಯನ್ ಆಡಮ್ಸ್ ಒಬ್ಬ ವಿದೇಶೀಯರೊಡನೆ ಕೂಡಿ ರಚಿಸಿ, ಹೊರನಾಡಿನಲ್ಲಿ ಮುದ್ರಿಸಿದ ಹಾಡುಗಳು ‘ಕೆನಡಾದವಲ್ಲ’ ಎಂದು ನಿರ್ಣಯವಾಯಿತು. ಗದ್ದಲವೆದ್ದಿತು, ಸಹರಚನೆಗೂ ಅವಕಾಶ ಕಲ್ಪಿಸಿ 1993ರಲ್ಲಿ ನಿಯಮವನ್ನು ತಿದ್ದಿದರು. ತಿದ್ದುಪಡಿಯಿಂದ ಕಟ್ಟಳೆ ಸರಿಹೋಯಿತು, ಪ್ರಶ್ನೆ ಸರಿಹೋಗಲಿಲ್ಲ. ರಹದಾರಿ ಪತ್ರವನ್ನು ನೋಡಿ ಹಾಡಿನ ಹುಟ್ಟೂರನ್ನು ಹೇಳಬಹುದು. ಅದರ ಉಸಿರನ್ನು ಹೇಳಲಾಗದು.

ಸ್ವತಂತ್ರ ಸಂಗೀತಕ್ಕೆ ನಿಜವಾದ ನೆರವು ಬಂದುದು ಬೇರೆ ಕಾಲುವೆಗಳಿಂದ. ಒಂದು, ಹಣ. ಖಾಸಗಿ ಬಾನುಲಿ ಸಂಸ್ಥೆಗಳು ಮುಂದಾಗಿ ಸ್ವತಂತ್ರ ಮುದ್ರಕರ ಹಾಗೂ ಪ್ರಕಾಶಕರ ಸಂಘಗಳೊಡನೆ 1982ರಲ್ಲಿ ‘ಫ್ಯಾಕ್ಟರ್’ ಎಂಬ ನಿಧಿಯನ್ನು ಸ್ಥಾಪಿಸಿದುವು. ಮುಂದೆ ಕೇಂದ್ರ ಸರಕಾರವೂ ಅದಕ್ಕೆ ಹಣ ಕೊಟ್ಟಿತು. ಫ್ರೆಂಚ್ ಸಂಗೀತಕ್ಕಾಗಿ 1985ರಲ್ಲಿ ‘ಮ್ಯೂಸಿಕ್ಯಾಕ್ಸಿಯೋಂ’ ಹುಟ್ಟಿತು. ಮುದ್ರಣಕ್ಕೆ, ಪ್ರವಾಸಕ್ಕೆ, ಪ್ರಚಾರಕ್ಕೆ ಇವುಗಳಿಂದ ಧನಸಹಾಯ. ಸಾಲದ ಅರ್ಜಿಗಳನ್ನು ಪರಿಶೀಲಿಸುವುದೇ ವೃತ್ತಿಯಾಗಿರುವ ಈ ಲೇಖಕನಿಗೆ ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ಅರ್ಜಿ ಚೆನ್ನಾಗಿ ಬರೆಯುವವನಿಗೂ ಕಸುಬು ಚೆನ್ನಾಗಿ ಬಲ್ಲವನಿಗೂ ಅಂತರವುಂಟು. ಹಿಂದಿನ ಮಾರಾಟವನ್ನೂ ಮುಂದಿನ ಪ್ರಚಾರದ ಯೋಜನೆಯನ್ನೂ ಕೇಳುವ ನಿಧಿ, ಈಗಾಗಲೇ ಒಂದು ಹೆಜ್ಜೆ ಇಟ್ಟವನಿಗೆ ಎರಡನೆಯ ಹೆಜ್ಜೆಗೆ ಕೈಕೊಡಬಲ್ಲದು. ಮೊದಲನೆಯ ಹೆಜ್ಜೆಯ ಸಾಹಸ ಕಲಾವಿದನದೇ. ಇದು ನಿಧಿಯ ದೋಷವಲ್ಲ. ಎಲ್ಲ ನಿಧಿಗಳ ಸ್ವಭಾವ.

ಎರಡನೆಯದು, ಕಿವಿ. ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಸಿಬಿಸಿ 1984ರಿಂದ 2007ರವರೆಗೆ ಮಾಂಟ್ರಿಯಲ್‌ನಿಂದ ನಡುರಾತ್ರಿಯ ಬಳಿಕ ‘ಬ್ರೇವ್ ನ್ಯೂ ವೇವ್ಸ್’ ಎಂಬ ಕಾರ್ಯಕ್ರಮವನ್ನು ನಡೆಸಿತು. ಮಾರುಕಟ್ಟೆಯ ಹಂಗಿಲ್ಲದ ಪ್ರಯೋಗಗಳಿಗೆ ಅದು ತೆರೆದ ಬಾಗಿಲಾಗಿತ್ತು. ಬೀವರ್ ವೇಳೆಯೂ ಅವೇಳೆ, ಇದೂ ಅವೇಳೆ. ಆದರೆ ಅಲ್ಲಿ ಲೆಕ್ಕ ತೀರಿಸುವ ಮನಸ್ಸು, ಇಲ್ಲಿ ಆಲಿಸುವ ಮನಸ್ಸು. ಮೂರನೆಯದು, ಸ್ನೇಹಿತರ ಕೂಟ. 1997ರಲ್ಲಿ ಮಾಂಟ್ರಿಯಲ್‌ನಲ್ಲಿ ಹುಟ್ಟಿದ ‘ಕಾನ್‌ಸ್ಟಲೇಷನ್’ ಸಂಸ್ಥೆ ಧ್ವನಿಮುದ್ರಿಕೆಗಳ ಹೊದಿಕೆಗಳನ್ನು ಕೈಕೆಲಸದ ಶ್ರದ್ಧೆಯಿಂದ ಸಿದ್ಧಪಡಿಸಿತು. ಅದರ ಮೂಲಕ ಬಂದ ‘ಗಾಡ್‌ಸ್ಪೀಡ್ ಯೂ! ಬ್ಲ್ಯಾಕ್ ಎಂಪರರ್’ ತಂಡದ ಕೃತಿಗಳಲ್ಲಿ ಗಾಯನವಿಲ್ಲ. ಗಿಟಾರು ಪಿಟೀಲುಗಳ ನಿಧಾನವಾದ ಏರಿಕೆಯ ನಡುವೆ ಎಲ್ಲಿಯೋ ಹಿಡಿದ ಮಾತಿನ ತುಣುಕುಗಳು ತೇಲಿಬರುತ್ತವೆ. ಸಾಹಿತ್ಯವಿಲ್ಲದ ಈ ದೀರ್ಘ ರಚನೆಗಳಿಗೆ ವಾಣಿಜ್ಯ ಬಾನುಲಿಯಲ್ಲಿ, ಶೇಕಡಾ 30 ಇರಲಿ 35 ಇರಲಿ, ಎಡೆಯೆಲ್ಲಿ? ಟೊರಾಂಟೊದ ‘ಬ್ರೋಕನ್ ಸೋಷಿಯಲ್ ಸೀನ್’ ಎಂಬ ಬಹುಮಂದಿಯ ಕೂಟ 2002ರಲ್ಲಿ ತಂದ ಧ್ವನಿಮುದ್ರಿಕೆಯೂ, ಅದರ ಸುತ್ತ 2003ರಲ್ಲಿ ಬೆಳೆದ ‘ಆರ್ಟ್ಸ್ ಅಂಡ್ ಕ್ರಾಫ್ಟ್ಸ್’ ಸಂಸ್ಥೆಯೂ ಇಂಥ ಸ್ನೇಹದ ಫಲ. ಮಾಂಟ್ರಿಯಲ್‌ನ ‘ಆರ್ಕೇಡ್ ಫೈರ್’ ತಂಡದ 2004ರ ‘ಫ್ಯೂನರಲ್’ ಬಂಧುಗಳ ಅಗಲಿಕೆಯ ಶೋಕದಿಂದ ಹುಟ್ಟಿ ಸಾಮೂಹಿಕ ಕಂಠದ ಉತ್ಸಾಹಕ್ಕೆ ಏರುವ ಕೃತಿ. ಕರುಣ ವೀರಗಳು ಅದರಲ್ಲಿ ಒಂದನ್ನೊಂದು ಕೆಡಿಸದೆ ನಿಂತಿವೆ. ಅದನ್ನು ಹೊರತಂದುದು ಅಮೆರಿಕದ ಒಂದು ಸಣ್ಣ ಸ್ವತಂತ್ರ ಸಂಸ್ಥೆ. 2011ರಲ್ಲಿ ಅದೇ ತಂಡ ‘ದಿ ಸಬರ್ಬ್ಸ್’ಗಾಗಿ ವರ್ಷದ ಶ್ರೇಷ್ಠ ಧ್ವನಿಮುದ್ರಿಕೆಯ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆಯಿತು. ನೆರೆಮನೆಯ ಮುದ್ರೆ ಮತ್ತೆ ಬಂದಿತು. ಆದರೆ ಈ ಸಲ ಮನೆಯವರು ಅದಕ್ಕಾಗಿ ಕಾದು ಕುಳಿತಿರಲಿಲ್ಲ.

ನಾಲ್ಕನೆಯದು, ವಿಮರ್ಶೆ. ಸ್ಟೀವ್ ಜೋರ್ಡನ್ ಬ್ರಿಟನ್ನಿನ ‘ಮರ್ಕ್ಯುರಿ’ ಪಾರಿತೋಷಕದ ಮಾದರಿಯಲ್ಲಿ 2006ರಲ್ಲಿ ‘ಪೊಲಾರಿಸ್’ ಪಾರಿತೋಷಕವನ್ನು ಆರಂಭಿಸಿದರು. ಮಾರಾಟವನ್ನೂ ಪ್ರಕಾರವನ್ನೂ ಲೆಕ್ಕಿಸದೆ, ಪತ್ರಕರ್ತರೂ ಪ್ರಸಾರಕರೂ ಕೃತಿಯ ಗುಣವೊಂದನ್ನೇ ಆಧರಿಸಿ ಆರಿಸತಕ್ಕದ್ದೆಂಬುದು ಅದರ ಸಂಕಲ್ಪ. 2013ರಲ್ಲಿ ಇದನ್ನು ಗೆದ್ದ ಗಾಡ್‌ಸ್ಪೀಡ್ ತಂಡ ಸಮಾರಂಭಕ್ಕೆ ಬರಲಿಲ್ಲ; ಕಷ್ಟದ ಕಾಲದಲ್ಲಿ ಇಂಥ ಆಡಂಬರವೇಕೆಂದು ಆಕ್ಷೇಪಿಸಿ, ಹಣವನ್ನು ಕ್ವಿಬೆಕ್ಕಿನ ಸೆರೆಮನೆಯವರಿಗೆ ವಾದ್ಯಗಳನ್ನು ಒದಗಿಸಲು ಮೀಸಲಿಡುವುದಾಗಿ ತಿಳಿಸಿತು. ತನ್ನನ್ನು ಖಂಡಿಸುವವನಿಗೂ ಮನ್ನಣೆ ಕೊಡಬಲ್ಲ ಆಶ್ರಯವೇ ಆರೋಗ್ಯಕರವಾದುದು. ಆದರೂ ಈ ಪಾರಿತೋಷಕವೂ ರಹದಾರಿ ಪತ್ರದಿಂದ ಪೂರಾ ಬಿಡುಗಡೆ ಹೊಂದಿಲ್ಲ: ಬಫಿ ಸೇಂಟ್-ಮರೀ ಕೆನಡಾದ ಪ್ರಜೆಯಲ್ಲವೆಂದು ಸ್ಪಷ್ಟವಾದ ಬಳಿಕ, 2015ರಲ್ಲಿ ಅವರಿಗಿತ್ತ ಪಾರಿತೋಷಕವನ್ನು 2025ರಲ್ಲಿ ಹಿಂತೆಗೆದುಕೊಂಡರು. ಕೃತಿ ಅದೇ, ಕಾಗದ ಬೇರೆಯಾಯಿತು.

ಈ ಚರ್ಚೆಗೆಲ್ಲ ತಕ್ಕ ಉತ್ತರವೆಂಬಂತೆ ನನಗೆ ತೋರುವ ಕೃತಿ ಜೆರೆಮಿ ಡಚರ್ ಅವರದು. ಅವರು ನ್ಯೂ ಬ್ರನ್ಸ್‌ವಿಕ್ ಪ್ರಾಂತದ ವೊಲಾಸ್ತೊಕೆ ಎಂಬ ಆದಿವಾಸಿ ಜನಾಂಗದವರು; ಪಾಶ್ಚಾತ್ಯ ಶಾಸ್ತ್ರೀಯ ಗಾಯನದಲ್ಲಿ ಶಿಕ್ಷಣ ಪಡೆದವರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಾನವಶಾಸ್ತ್ರಜ್ಞನೊಬ್ಬ ಮೇಣದ ಉರುಳೆಗಳ ಮೇಲೆ ಹಿಡಿದಿಟ್ಟ ತಮ್ಮ ಪೂರ್ವಜರ ಹಾಡುಗಳನ್ನು ಅವರು ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕುಳಿತು ಆಲಿಸಿದರು. ಆ ಸವೆದ ದನಿಗಳ ಜೊತೆಗೆ ತಮ್ಮ ಕಂಠವನ್ನೂ ಪಿಯಾನೊವನ್ನೂ ಕೂಡಿಸಿ 2018ರಲ್ಲಿ ಹೊರತಂದ ಧ್ವನಿಮುದ್ರಿಕೆ ಪೂರ್ತಿಯಾಗಿ ವೊಲಾಸ್ತೊಕೆ ನುಡಿಯಲ್ಲಿದೆ. ಆ ನುಡಿಯನ್ನು ನಿರರ್ಗಳವಾಗಿ ಆಡಬಲ್ಲವರು ತೀರ ವಿರಳ. ಉರುಳೆಯ ಗೊರಗೊರ ಸದ್ದನ್ನು ಅವರು ಒರೆಸಿಹಾಕಲಿಲ್ಲ. ಅಜ್ಜನ ದನಿ ಮೊದಲು ಕೇಳಿಸುತ್ತದೆ, ಮೊಮ್ಮಗ ಅದಕ್ಕೆ ಓಗೊಡುತ್ತಾನೆ. ಇಂಗ್ಲಿಷ್ ಕೇಳುಗನ ಅನುಕೂಲಕ್ಕಾಗಿ ಒಂದು ಪದವನ್ನೂ ಬಗ್ಗಿಸದ ಈ ಕೃತಿಗೆ ಆ ವರ್ಷದ ಪೊಲಾರಿಸ್ ದೊರೆಯಿತು. 2024ರಲ್ಲಿ ಅವರ ಮುಂದಿನ ಕೃತಿಗೂ ಅದೇ ಮನ್ನಣೆ ಸಂದಿತು. ನೆಲದ ಅತ್ಯಂತ ಹಳೆಯ ನುಡಿಗಳಲ್ಲೊಂದನ್ನು ಎತ್ತಿ ತೋರಿಸಿದುದು ಶೇಕಡಾ ಪ್ರಮಾಣವಲ್ಲ. ಸಂಗ್ರಹ, ಸಾಧನೆ, ಸಹೃದಯತೆಗಳ ಕೂಟ.

ಈಗ ಕಾಳಗದ ನೆಲ ಬದಲಾಗಿದೆ. ಕೇಳುಗರು ಬಾನುಲಿಯನ್ನು ಬಿಟ್ಟು ಅಂತರಜಾಲದ ಸಂಗೀತವಾಹಿನಿಗಳಿಗೆ ಸರಿಯುತ್ತಿದ್ದಾರೆ. ಅವನ್ನೂ ನಿಯಂತ್ರಣಕ್ಕೆ ಒಳಪಡಿಸುವ ಕಾಯಿದೆ 2023ರಲ್ಲಿ ಅಂಗೀಕೃತವಾಯಿತು. ದೊಡ್ಡ ವಾಹಿನಿಗಳು ಕೆನಡಾದಲ್ಲಿ ಗಳಿಸುವ ಆದಾಯದ ಶೇಕಡಾ 5ನ್ನು ನಿಧಿಗಳಿಗೆ ಕೊಡಬೇಕೆಂದು 2024ರಲ್ಲಿ ಮಂಡಲಿ ವಿಧಿಸಿತು. ವಾಹಿನಿಗಳು ನ್ಯಾಯಾಲಯದ ಮೆಟ್ಟಿಲೇರಿದುವು. ಹಣ ಬಂದರೆ ಒಳ್ಳೆಯದೇ. ಆದರೆ ಐದು ದಶಕಗಳ ಅನುಭವ ಕಲಿಸುವ ಪಾಠ ಬೇರೆ: ಶಾಸನ ಮಣೆ ಹಾಕಬಹುದು, ನಿಧಿ ಊಟ ಬಡಿಸಬಹುದು, ಅತಿಥಿಯೊಡನೆ ಮಾತಾಡುವುದು ಮನೆಯವರ ಕೆಲಸ. ತಾಯ್ನೆಲದಿಂದ ದೂರವಿದ್ದು ಚಂದಾ ಎತ್ತಿ, ಸಭೆ ಕೂಡಿಸಿ, ಪತ್ರಿಕೆ ನಡೆಸಿ ನುಡಿಯನ್ನು ಕಾಯುತ್ತಿರುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಭಾಭವನಕ್ಕೆ ಅನುದಾನವನ್ನು ಕೇಳೋಣ. ಆದರೆ ಅದರೊಳಗೆ ಕುಳಿತು ಕಿವಿಗೊಡುವವರನ್ನು ಯಾವ ಅನುದಾನವೂ ತಂದುಕೊಡಲಾರದು.