ಎರಡಕ್ಕೆ ಮೂರೋ, ಐದಕ್ಕೆ ಆರೋ

ಲಾಸ್ ವೇಗಸ್‌ನ ಬ್ಲ್ಯಾಕ್‌ಜಾಕ್ ಮೇಜಿಗೆ ಹೊದಿಸಿದ ಬಟ್ಟೆಯ ಮೇಲೆ ಸಾಮಾನ್ಯವಾಗಿ ಎರಡು ಸಾಲು ಅಚ್ಚಾಗಿರುತ್ತವೆ. ಡೀಲರ್ ಎಲ್ಲಿಗೆ ನಿಲ್ಲಬೇಕು ಎಂಬುದು ಒಂದು, ಬ್ಲ್ಯಾಕ್‌ಜಾಕ್ ಬಂದರೆ ಎಷ್ಟು ಕೊಡುತ್ತಾರೆ ಎಂಬುದು ಇನ್ನೊಂದು. ಕುರ್ಚಿ ಎಳೆದುಕೊಂಡು ಕೂರುವವರು ಡೀಲರ್ ಮುಖ ನೋಡುತ್ತಾರೆ, ಪಕ್ಕದವನ ಮುಂದಿರುವ ಚಿಪ್‌ಗಳ ರಾಶಿ ನೋಡುತ್ತಾರೆ, ಎಷ್ಟು ಕಟ್ಟು ಇಸ್ಪೀಟು ಕಲೆಸಿದ್ದಾರೆಂದು ಕೇಳುವವರೂ ಉಂಟು. ಆ ಎರಡನೇ ಸಾಲನ್ನು ಮಾತ್ರ ಓದುವುದಿಲ್ಲ. ಮೇಜು ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸಲು ಬೇರೇನೂ ನೋಡದೆ ಅದೊಂದನ್ನೇ ಓದಿದರೂ ಮುಕ್ಕಾಲು ಪಾಲು ಕೆಲಸ ಮುಗಿಯಿತು ಎಂಬುದು ನನ್ನ ವಾದ.

ಡೀಲರ್‌ನ ಕೈಚಳಕದ ಬಗ್ಗೆ ಇರುವ ಭಯ ಮೊದಲು ಬಿಡಬೇಕು. ಈ ಆಟದಲ್ಲಿ ಡೀಲರ್‌ಗೆ ಸ್ವಂತ ಬುದ್ಧಿ ಉಪಯೋಗಿಸುವ ಅವಕಾಶವೇ ಇಲ್ಲ. ಎಲೆಗಳ ಮೊತ್ತ 16 ಆದರೆ ಇನ್ನೊಂದು ಎಲೆ ತೆಗೆಯಲೇಬೇಕು, 17 ಆದರೆ, ಮುಂದೆ ಹೇಳುವ ಒಂದು ಅಪವಾದ ಬಿಟ್ಟು, ನಿಲ್ಲಲೇಬೇಕು. ಎದುರಿಗಿರುವವರೆಲ್ಲ 18ರ ಮೇಲೆ ಕೂತಿರುವುದು ಕಣ್ಣಿಗೆ ಕಾಣುತ್ತಿದ್ದರೂ ಸರಿ. ಆಡುವವನು ನೋಟನ್ನು ಡೀಲರ್ ಕೈಗೆ ಕೊಡುವಂತಿಲ್ಲ, ಮೇಜಿನ ಮೇಲೆ ಇಡಬೇಕು. ಡೀಲರ್ ಅದನ್ನು ಹರವಿ ಎಣಿಸಿ ತೋರಿಸಿದ ಮೇಲೆಯೇ ಪೆಟ್ಟಿಗೆಗೆ ತಳ್ಳುವುದು. ಎಲೆ ಬೇಕೆಂದರೆ ಬೆರಳಿನಿಂದ ಮೇಜು ತಟ್ಟಬೇಕು, ಬೇಡವೆಂದರೆ ಅಂಗೈ ಆಡಿಸಬೇಕು; ಬಾಯಿಮಾತು ನಡೆಯುವುದಿಲ್ಲ, ಯಾಕೆಂದರೆ ಜಗಳ ಬಂದಾಗ ಸಾಕ್ಷಿ ಹೇಳುವುದು ಚಾವಣಿಯ ಕ್ಯಾಮೆರಾ. ಮುಗಿದ ಕೈಯ ಎಲೆಗಳನ್ನೂ ಬೇಕಾದರೆ ಅದೇ ಕ್ರಮದಲ್ಲಿ ಮತ್ತೆ ಹರಡಿ ತೋರಿಸುವ ಹಾಗೆ ಎತ್ತಿಕೊಳ್ಳುತ್ತಾರೆ. ಪಾಳಿ ಮುಗಿಸಿ ಏಳುವ ಡೀಲರ್ ಎರಡೂ ಅಂಗೈ ತಟ್ಟಿ, ತಿರುಗಿಸಿ, ಬರಿದೆಂದು ತೋರಿಸಿಯೇ ಹೊರಡುವುದು. ಇಷ್ಟೆಲ್ಲ ಕಟ್ಟುಪಾಡಿನ ನಡುವೆ ಮನೆಯವರು, ಅಂದರೆ ಕ್ಯಾಸಿನೊದವರು, ತಮ್ಮ ಲಾಭವನ್ನು ಹೆಚ್ಚಿಸಿಕೊಳ್ಳಲು ಉಳಿಯುವ ಜಾಗ ಒಂದೇ: ಬಟ್ಟೆಯ ಮೇಲಿನ ಅಕ್ಷರ.

ಹಾಗಾದರೆ ಲಾಭ ಹುಟ್ಟುವುದೆಲ್ಲಿ? ಸರದಿಯಲ್ಲಿ. ಆಡುವವನದು ಮೊದಲ ಸರದಿ. ಅವನು 21 ದಾಟಿದರೆ ಪಣ ಅಲ್ಲೇ ಹೋಯಿತು. ಆಮೇಲೆ ಡೀಲರೂ ದಾಟಿದರೆ ಅದು ವಾಪಸ್ ಬರುವುದಿಲ್ಲ. ಡೀಲರ್ ನಿಯಮದ ಪ್ರಕಾರ ಎಲೆ ಎಳೆಯುತ್ತಾ ಹೋದರೆ ನೂರಕ್ಕೆ ಸುಮಾರು 28 ಸಲ 21 ದಾಟುತ್ತಾರೆ. ಆಡುವವನೂ ಡೀಲರನ್ನೇ ಕಣ್ಣುಮುಚ್ಚಿ ಅನುಕರಿಸಿದರೆ ಇಬ್ಬರೂ ದಾಟುವುದು ನೂರಕ್ಕೆ ಸುಮಾರು 8 ಸಲ, ಆ ಎಂಟೂ ಮನೆಗೆ. ಈ ಅನ್ಯಾಯಕ್ಕೆ ಪರಿಹಾರವಾಗಿ ಆಟದೊಳಗೇ ಕೆಲವು ಸವಲತ್ತುಗಳಿವೆ: ಪಣ ದುಪ್ಪಟ್ಟು ಮಾಡುವುದು, ಜೋಡಿ ಒಡೆಯುವುದು, 12ಕ್ಕೇ ನಿಲ್ಲುವ ಸ್ವಾತಂತ್ರ್ಯ. ಎಲ್ಲಕ್ಕಿಂತ ಸಲೀಸಾಗಿ ಸಿಗುವುದು ಬ್ಲ್ಯಾಕ್‌ಜಾಕ್‌ನ ಹೆಚ್ಚುವರಿ ಹಣ. ಎಕ್ಕದ ಜೊತೆ ಹತ್ತೋ ಚಿತ್ರದೆಲೆಯೋ ಬಿದ್ದು ಎರಡೇ ಎಲೆಗೆ 21 ಆದರೆ ಹಳೆಯ ಲೆಕ್ಕದಲ್ಲಿ ಎರಡಕ್ಕೆ ಮೂರು. 10 ಡಾಲರ್ ಕಟ್ಟಿದವನಿಗೆ 15. ನೂರಕ್ಕೆ ಎಂಟರ ಆ ನಷ್ಟದಲ್ಲಿ ಇದೊಂದೇ ಸುಮಾರು 2.3ನ್ನು ತುಂಬಿಕೊಡುತ್ತಿತ್ತು. ಅಂದರ್ ಬಾಹರ್ ಬಲ್ಲವರಿಗೆ ಸರದಿಯ ಈ ಮಹಿಮೆ ಹೊಸದಲ್ಲ. ಅಲ್ಲಿ ಮೊದಲ ಎಲೆ ಬೀಳುವ ಬದಿ ನೂರಕ್ಕೆ 51.5 ಸಲ ಗೆಲ್ಲುತ್ತದೆ ಎಂದೇ ಕ್ಯಾಸಿನೊಗಳಲ್ಲಿ ಆ ಬದಿಗೆ ರೂಪಾಯಿಗೆ 90 ಪೈಸೆ ಕೊಡುವ ರೂಢಿ ಇರುವುದು.

2000ರ ದಶಕದ ಆರಂಭದಲ್ಲಿ ಲಾಸ್ ವೇಗಸ್‌ನ ಮೇಜುಗಳ ಮೇಲೆ ಐದಕ್ಕೆ ಆರು ಎಂಬ ಬರಹ ಹರಡತೊಡಗಿತು. 10 ಡಾಲರ್‌ಗೆ 15ರ ಬದಲು 12. ಅಂಕಿಗಳು ಮಾತ್ರ ಮೊದಲಿಗಿಂತ ದೊಡ್ಡವು, ಅದೇ ಅದರ ಜಾಣತನ. ಮೊದಮೊದಲು ಇದನ್ನು ಒಂದೇ ಕಟ್ಟಿನ ಆಟಕ್ಕೆ ಅಂಟಿಸಿದರು. ಕಟ್ಟು ಕಡಿಮೆಯಾದಷ್ಟೂ ಆಡುವವನಿಗೆ ಅನುಕೂಲ ಎಂಬ ಹಳೆಯ ನಂಬಿಕೆಯನ್ನು ಹೀಗೆ ಬಳಸಿಕೊಂಡರು. ನಂಬಿಕೆ ಸುಳ್ಳಲ್ಲ, ಆದರೆ ಒಂದೇ ಕಟ್ಟಿನಿಂದ ಬರುವ ಅನುಕೂಲ ನೂರಕ್ಕೆ ಸುಮಾರು ಅರ್ಧ, ಐದಕ್ಕೆ ಆರರಿಂದ ಹೋಗುವುದು ಸುಮಾರು 1.4. ನಿಯಮ ಬಿಗಿ ಮಾಡಿದ್ದು ಇದೇ ಮೊದಲಲ್ಲ. ಎಡ್ವರ್ಡ್ ಥಾರ್ಪ್ 1962ರಲ್ಲಿ ‘ಬೀಟ್ ದ ಡೀಲರ್’ ಪ್ರಕಟಿಸಿ ಎಲೆ ಲೆಕ್ಕ ಇಡುವ ವಿದ್ಯೆಯನ್ನು ಎಲ್ಲರ ಕೈಗಿತ್ತಾಗ ಹೆದರಿದ ಕ್ಯಾಸಿನೊಗಳು, 1964ರಲ್ಲಿ ದುಪ್ಪಟ್ಟು ಮಾಡುವುದಕ್ಕೂ ಎಕ್ಕದ ಜೋಡಿ ಒಡೆಯುವುದಕ್ಕೂ ಕಡಿವಾಣ ಹಾಕಿದ್ದವು. ಜನ ಮೇಜು ಬಿಟ್ಟೆದ್ದರು, ಕೆಲವೇ ವಾರಗಳಲ್ಲಿ ಹಳೆಯ ನಿಯಮ ಮರಳಿತು. ಈ ಸಲ ಯಾರೂ ಏಳಲಿಲ್ಲ. 1964ರ ನಿಯಮ ಆಡುವವನ ಕೈ ಹಿಡಿದು ತಡೆಯುತ್ತಿತ್ತು; ಐದಕ್ಕೆ ಆರು ಯಾವ ಆಟವನ್ನೂ ತಡೆಯುವುದಿಲ್ಲ, ಅದೂ ಗೆದ್ದು ಬೀಗುತ್ತಿರುವ ಹೊತ್ತಿನಲ್ಲಿ ಮೂರು ಡಾಲರ್ ಕಡಿಮೆ ಕೊಡುತ್ತದೆ. ಗೆದ್ದವನು ಚೌಕಾಸಿ ಮಾಡುತ್ತಾನೆಯೇ?

ಬ್ಲ್ಯಾಕ್‌ಜಾಕ್ ಬರುವುದೇ 21 ಕೈಗೊಮ್ಮೆ, ಅಷ್ಟಕ್ಕೆ ಇಷ್ಟು ರಂಪವೇ ಎನ್ನುವವರಿದ್ದಾರೆ. ಗಂಟೆಗೆ 70 ಕೈ ಹಂಚುವ ಮೇಜಿನಲ್ಲಿ ಅದು ಮೂರು ಸಲಕ್ಕಿಂತ ಹೆಚ್ಚೇ. ಐದಕ್ಕೆ ಆರರ ಮೇಜಿನಲ್ಲಿ ಕನಿಷ್ಠ ಪಣ ಕಡಿಮೆ, ಬಡವನಿಗೆ ಅದೇ ವಾಸಿ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಅದನ್ನು ತೂಗಿ ನೋಡೋಣ. ಲೆಕ್ಕ ತಪ್ಪದೆ ಆಡುವವನ ಸರಾಸರಿ ನಷ್ಟ ಒಳ್ಳೆಯ ಮೇಜಿನಲ್ಲಿ ನೂರಕ್ಕೆ ಸುಮಾರು ಅರ್ಧ, ಐದಕ್ಕೆ ಆರರಲ್ಲಿ ಸುಮಾರು 1.9. ಅಂದರೆ 50 ಡಾಲರ್ ಪಣದ ಹಳೆಯ ಮೇಜಿನಲ್ಲಿ ಗಂಟೆಗೆ ಹದಿನೇಳೂವರೆ ಡಾಲರ್ ಹೋದರೆ, 15 ಡಾಲರ್‌ನ ‘ಅಗ್ಗದ’ ಮೇಜಿನಲ್ಲಿ 20 ಹೋಗುತ್ತದೆ. 50ರ ಮೇಜಿನಲ್ಲಿ ಏರಿಳಿತ ದೊಡ್ಡದು, ಒಂದೇ ಗಂಟೆಯಲ್ಲಿ ಕಿಸೆ ಖಾಲಿಯಾಗಬಹುದು. ಸಣ್ಣ ಗಂಟಿನವನು ಅಲ್ಲಿ ಕೂರಲಾರ ಎಂಬುದನ್ನು ಒಪ್ಪುತ್ತೇನೆ. ಆದರೆ 15ರ ಮೇಜು ಅಗ್ಗ ಎಂಬ ಮಾತು ನಿಲ್ಲುವುದಿಲ್ಲ. ಇನ್ನು ಕೆಲವು ಮೇಜುಗಳಲ್ಲಿ ಎಕ್ಕ ಮತ್ತು ಆರು ಸೇರಿ 17 ಆದಾಗ ಡೀಲರ್ ಮತ್ತೊಂದು ಎಲೆ ಎಳೆಯುವ ನಿಯಮವೇ ದೊಡ್ಡ ಮೋಸ ಎಂದು ಕೆಲವು ಪಳಗಿದವರು ಗೊಣಗುತ್ತಾರೆ. ಅದರ ಬೆಲೆ ನೂರಕ್ಕೆ 0.2. ಗೊಣಗಲಿ, ಆದರೆ ಎರಡನೆಯದಾಗಿ.

ಐದಕ್ಕೆ ಆರು ಬರಿಯ ಚಿಲ್ಲರೆ ವ್ಯತ್ಯಾಸ ಎನ್ನುವವರು ಮನೆಯವರ ನಡವಳಿಕೆಯನ್ನೇ ಗಮನಿಸಬಹುದು. ಆಡುವವನಿಗೆ ಬ್ಲ್ಯಾಕ್‌ಜಾಕ್, ಡೀಲರ್ ಮುಂದೆ ತೆರೆದ ಎಕ್ಕ. ಎರಡಕ್ಕೆ ಮೂರರ ಮೇಜಿನಲ್ಲಿ ಡೀಲರ್ ನಯವಾಗಿ ಕೇಳುತ್ತಾರೆ: ಕಟ್ಟಿದಷ್ಟೇ ಲಾಭ ಈಗಲೇ ತಗೊಳ್ಳುತ್ತೀರಾ? ಆರು ಕಟ್ಟಿನ ಆಟದಲ್ಲಿ 10 ಡಾಲರ್ ಕಟ್ಟಿ ಬೇಡವೆಂದವನಿಗೆ ಸರಾಸರಿ 10.39 ಸಿಗುತ್ತದೆ, ಹೂಂ ಎಂದವನಿಗೆ ಬರೀ 10. ಕೇಳುವುದು ಮನೆಗೆ ಲಾಭ. ಐದಕ್ಕೆ ಆರರ ಮೇಜಿನಲ್ಲಿ ಬೇಡವೆಂದವನಿಗೆ ಸಿಗುವ ಸರಾಸರಿ 8.31. ಅಲ್ಲಿ ಆ 10 ಡಾಲರ್ ಆಡುವವನಿಗೆ ಲಾಭದ ಬಾಬತ್ತು. ಅಂಥ ಮೇಜುಗಳಲ್ಲಿ ಸಾಮಾನ್ಯವಾಗಿ ಡೀಲರ್ ಆ ಪ್ರಶ್ನೆ ಕೇಳುವುದಿಲ್ಲ.